ಹಡಗಿಗೆಂದು ಹೊಲಿದ ಕೌದಿ

ಖರ್ಚು ಮಾಡುವವರು ಬೇರೆ, ಖರ್ಚು ಬರೆಯುವವರು ಬೇರೆ. ನಾನು ಎರಡನೆಯವರ ಪೈಕಿ. ಗದಗಿನ ಒಂದು ಛಾಪಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ನನ್ನ ಕೆಲಸವೆಂದರೆ ಅಂದಾಜು ಪಟ್ಟಿ ಬರೆಯುವುದು. ಲಗ್ನಪತ್ರಿಕೆ ಎಷ್ಟು, ಕಾಗದ ಯಾವುದು, ಬಣ್ಣ ಎಷ್ಟು ಎಂದು ಗಿರಾಕಿಯನ್ನು ಕೇಳಿ, ಕೂಡಿಸಿ, ಕೊನೆಗೆ ಮಷೀನಿನಲ್ಲಿ ಹಾಳಾಗುವ ಹಾಳೆಗಳಿಗೆಂದು ನೂರಕ್ಕೆ ಹತ್ತು ಸೇರಿಸಿ ಕೈಗೆ ಕೊಡುತ್ತೇನೆ. ಈ ನೂರಕ್ಕೆ ಹತ್ತು ನನ್ನ ರಕ್ತದಲ್ಲೇ ಇಳಿದುಬಿಟ್ಟಿದೆ. ಮಗಳ ನಾಮಕರಣಕ್ಕೆ ಪೇಢೆ ತಂದಾಗಲೂ ಬಿದ್ದು ಹಾಳಾಗುವ ಪೇಢೆಗಳಿಗೆಂದು ನೂರಕ್ಕೆ ಹತ್ತು ಹೆಚ್ಚು ತಂದಿದ್ದೆ. ಒಂದೂ ಬೀಳಲಿಲ್ಲ. ಉಳಿದದ್ದನ್ನೆಲ್ಲ ನಾನೇ ತಿಂದು ಮೂರು ದಿನ ಹಾಸಿಗೆ ಹಿಡಿದೆ. ಇನ್ನೊಂದು ರೋಗವೂ ಇದೆ. ಪಟ್ಟಿ ಬರೆದು ಮುಗಿಸಿದ ಕೂಡಲೇ ದುಡ್ಡು ಕೊಟ್ಟೇಬಿಟ್ಟಷ್ಟು ಸಮಾಧಾನ ನನಗೆ ಆಗುತ್ತದೆ. ಆಮೇಲೆ ನಿಜವಾಗಿ ಜೇಬಿಗೆ ಕೈಹಾಕಬೇಕಾದಾಗ ಎರಡನೇ ಸಲ ಕೊಡುತ್ತಿದ್ದೇನೆ ಅನ್ನಿಸಿ ಸಂಕಟವಾಗುತ್ತದೆ. ಇಂಥ ನಾನು ಹೆಂಡತಿ ಮಗಳನ್ನು ಹಡಗಿನಲ್ಲಿ ಕೂರಿಸಿಕೊಂಡು ನಾರ್ವೆ ದೇಶ ತೋರಿಸಲು ಹೊರಟೆ.

ಇದರಲ್ಲಿ ಛಾಪಖಾನೆಯ ತಪ್ಪೂ ಇದೆ. ನಮ್ಮ ಲಗ್ನವಾದ ವರ್ಷ ಎಣ್ಣೆ ಗಿರಣಿಯವರೊಬ್ಬರಿಗೆ ಕ್ಯಾಲೆಂಡರ್ ಮುದ್ರಿಸಿದ್ದೆವು. ಮೇಲೆ ಹಿಮದ ಬೆಟ್ಟ, ಕೆಳಗೆ ಕಡುನೀಲಿ ನೀರು, ನಡುವೆ ಒಂದು ಬಿಳಿ ಹಡಗು, ಅದರ ಅಡಿಗೆ ‘ಶುದ್ಧ ಶೇಂಗಾ ಎಣ್ಣೆ ಸಿಗುವ ಸ್ಥಳ’. ಪುಕ್ಕಟೆ ಸಿಕ್ಕಿತೆಂದು ಒಂದು ಪ್ರತಿ ಮನೆಗೆ ತಂದೆ. ಹೊಸ ಹೆಂಡತಿ ಗಿರಿಜಾ ಅದನ್ನು ಅಡುಗೆಮನೆಯಲ್ಲಿ ಒಲೆಯ ಮೇಲ್ಗಡೆ ತೂಗುಹಾಕಿದಳು. ತಿಂಗಳ ಹಾಳೆಗಳು ಹರಿದುಹೋದವು, ಚಿತ್ರ ಅಲ್ಲೇ ಉಳಿಯಿತು. ಇಪ್ಪತ್ತೇಳು ವರ್ಷದ ಒಗ್ಗರಣೆಯ ಹೊಗೆಗೆ ಹಿಮವೆಲ್ಲ ಅರಿಸಿನದ ಬಣ್ಣಕ್ಕೆ ತಿರುಗಿದರೂ ಗಿರಿಜಾ ರೊಟ್ಟಿ ಬಡಿಯುತ್ತ ಅದನ್ನೇ ನೋಡುತ್ತಿದ್ದಳು. ಅವಳು ಬಾಯಿಬಿಟ್ಟು ಏನನ್ನೂ ಬೇಡಿದವಳಲ್ಲ. ಲಗ್ನದಲ್ಲಿ ಬಂದ ಬಂಗಾರದ ಪಾಟ್ಲಿ ಮಾರಿ ಅವಳ ಹೆಸರಿನಲ್ಲೇ ಕಣಗಿನಹಾಳ ರಸ್ತೆಯಲ್ಲಿ ಒಂದು ಸೈಟು ಕೊಂಡಿದ್ದೆವು. ಹೋದ ವರ್ಷ ಅದು ಒಳ್ಳೆಯ ಬೆಲೆಗೆ ಹೋಯಿತು. ದುಡ್ಡು ಬ್ಯಾಂಕಿಗೆ ಬಿದ್ದ ದಿನ ಅವಳು ಹಿಟ್ಟಿನ ಕೈಯಿಂದಲೇ ಚಿತ್ರ ತೋರಿಸಿ, “ಇಲ್ಲಿಗೆ ಹೋಗೂಣು” ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಶಾಲೆಯಲ್ಲಿ ಮಾಸ್ತರಿಕೆ ಮಾಡುವ ಮಗಳು ವಿದ್ಯಾ ಮೊಬೈಲಿನಲ್ಲಿ ಹುಡುಕಿ ಜಾಗ ನಾರ್ವೆಯೆಂದೂ, ಮೇ ಕೊನೆಗೆ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲವೆಂದೂ, ಹೋಗಿ ಬರಲು ಹನ್ನೆರಡು ದಿನವೆಂದೂ ಹೇಳಿದಳು. ಹುಬ್ಬಳ್ಳಿಯ ಪ್ರವಾಸದ ಏಜೆಂಟನೊಬ್ಬ ದರ ಕೊಟ್ಟ. ಆ ದರ ನೋಡಿ ನಾನು ಒಂದು ತಂಬಿಗೆ ನೀರು ಕುಡಿದು ಪಟ್ಟಿ ಬರೆಯಲು ಕುಳಿತೆ. ಒಟ್ಟು ಹನ್ನೊಂದು ಪಟ್ಟಿಗಳಾದವು. ಹಡಗಿನಲ್ಲಿ ಕಿಟಕಿಯಿಲ್ಲದ ಕೋಣೆ ಅಗ್ಗವೆಂದು ಗೊತ್ತಾದಾಗ ಅದನ್ನೇ ಹಿಡಿಯೋಣ ಅಂದೆ. ಅಷ್ಟು ದೂರ ಹೋಗಿ ಗೋಡೆ ನೋಡುವುದಾದರೆ ನಮ್ಮ ಬೆಟಗೇರಿಯಲ್ಲೇ ಗೋಡೆಗಳಿಲ್ಲವೇ ಎಂದು ಗಿರಿಜಾ ಕೇಳಿದಳು. ಆ ಮಾತು ಮುಂದೆ ಹೀಗೆ ಬಂದು ಬಡಿಯುತ್ತದೆಂದು ಆಗ ಯಾರಿಗೆ ಗೊತ್ತಿತ್ತು? ಕಿಟಕಿಯ ಕೋಣೆಯೇ ಗಟ್ಟಿಯಾಯಿತು. ಮುಂಗಡ ಕೊಟ್ಟೆ. ಪಾಸ್‌ಪೋರ್ಟು, ವೀಸಾ ಎಲ್ಲ ಆದವು. ಬಾಕಿ ಹಣ ತುಂಬಲು ಏಜೆಂಟ ಒಂದು ಕಡೆಯ ದಿನ ಹೇಳಿದ.

ಅಷ್ಟರಲ್ಲಿ ಖಬರು ಊರೂರಿಗೆ ಹಬ್ಬಿತು. ನಮ್ಮ ಕಡೆ ಕಾಶಿಗೆ ಹೊರಟವರನ್ನು ಬಂಧುಗಳು ಮನೆಗೆ ಕರೆದು, ಹೋಳಿಗೆ ಉಣಿಸಿ, ಆಹೇರಿ ಎಂದು ಸೀರೆ ಧೋತರ ಕೊಟ್ಟು, ದಾರಿಗೆ ಬುತ್ತಿ ಕಟ್ಟಿ ಕಳಿಸುವ ರೂಢಿ. ಕಾಶಿಯೂ ಉತ್ತರ, ನಾರ್ವೆಯೂ ಉತ್ತರ. ಹೆಚ್ಚು ಉತ್ತರಕ್ಕೆ ಹೋಗುವವರಿಗೆ ಹೆಚ್ಚು ಮರ್ಯಾದೆ ಎಂದು ಎಲ್ಲರೂ ತಿಳಿದರೋ ಏನೋ, ಕರೆಗಳು ಬಂದದ್ದೇ ಬಂದದ್ದು. ಮುಂಡರಗಿಯಲ್ಲಿ ನನ್ನ ಅಕ್ಕ ಹೋಳಿಗೆ ಮಾಡಿದಳು. ಅವಳ ಶಿರಹಟ್ಟಿಯ ಬೀಗರು ಮಾದ್ಲಿಯ ಸಿಹಿ ಮಾಡಿ ಮೂವರಿಗೂ ಬಟ್ಟೆ ಕೊಟ್ಟರು. ಒಟ್ಟು ಒಂಬತ್ತು ಮನೆಗಳಲ್ಲಿ ಉಂಡೆವು. ಪ್ರತಿ ಮನೆಯಲ್ಲೂ ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಕೈಗೆ ಬಂತು. ಹಡಗಿನಲ್ಲಿ ಊಟ ಅವರೇ ಹಾಕುತ್ತಾರೆ ಅಂದರೆ, ಅವರು ಹಾಕುವುದು ನಮಗೆ ಸೇರಬೇಕಲ್ಲ ಎಂದು ಅಕ್ಕ ಇನ್ನೂ ಇಪ್ಪತ್ತು ರೊಟ್ಟಿ ಮೇಲೆ ಹೇರಿದಳು.

ಕೊನೆಯ ಊಟ ಲಕ್ಷ್ಮೇಶ್ವರದಲ್ಲಿ, ಗಿರಿಜಾಳ ಚಿಗವ್ವ ನೀಲವ್ವನ ಮನೆಯಲ್ಲಿ. ಗಿರಿಜಾ ನಾಲ್ಕು ವರ್ಷದವಳಿದ್ದಾಗ ತಾಯಿ ತೀರಿಹೋದಳು; ಅಂದಿನಿಂದ ಲಗ್ನದವರೆಗೆ ಸಾಕಿದವಳು ಈ ಚಿಗವ್ವ. ಎಂಬತ್ತು ದಾಟಿದ ಜೀವ, ಸೂಜಿಗೆ ದಾರ ಪೋಣಿಸಲು ಬೇರೆಯವರನ್ನು ಕರೆಯಬೇಕಾದ ಕಣ್ಣು. ಆ ಕಣ್ಣಲ್ಲೇ ಆರು ವಾರ ಕುಳಿತು ಹಳೇ ಸೀರೆಗಳನ್ನು ಸೇರಿಸಿ ಒಂದು ಕೌದಿ ಹೊಲಿದಿದ್ದಳು. ನಟ್ಟನಡುವೆ ಒಂದು ಹಸಿರು ತುಂಡು. ಅದು ಗಿರಿಜಾಳ ತಾಯಿಯ ಸೀರೆಯದು. ಅಲ್ಲಿಯ ಥಂಡಿ ಕೆಟ್ಟದ್ದಂತೆ, ಇದನ್ನು ಹೊದ್ದುಕೊಳ್ಳಿ ಎಂದು ನನ್ನ ಕೈಗೇ ಕೊಟ್ಟಳು. ಹೊರಡುವಾಗ ಗಿರಿಜಾಳ ಗಲ್ಲ ಸವರಿ, “ನಾ ಅಂತೂ ಗದಗ ದಾಟಿ ಮುಂದ ಹೋದಾಕಿ ಅಲ್ಲ. ನೀ ನೋಡಿ ಬಂದು ನನಗ ಹೇಳವ್ವ, ಬರ್ಫ ಹೆಂಗಿತ್ತಂತ” ಅಂದಳು. ನನಗೂ ಕಣ್ಣು ತುಂಬಿ ಬಂತು. ಆದರೂ ಕೌದಿಯ ತೂಕದಿಂದ ವಿಮಾನದಲ್ಲಿ ಎಷ್ಟು ಹೆಚ್ಚು ಬೀಳಬಹುದೆಂದು ಬಸ್ಸಿನಲ್ಲಿ ಲೆಕ್ಕ ಹಾಕಿದೆ.

ಈಗ ನನ್ನ ಜಾಣತನಕ್ಕೆ ಬರುತ್ತೇನೆ. ನಮ್ಮ ಛಾಪಖಾನೆಗೆ ಬರುವ ಗಿರಾಕಿಗಳಲ್ಲಿ ಪಕ್ಕಾ ಇರುವವರು ಪಟ್ಟಿ ಇಸಿದುಕೊಂಡು, ವಿಚಾರ ಮಾಡಿ ಹೇಳುತ್ತೇವೆ ಎಂದು ಎದ್ದುಹೋಗುತ್ತಾರೆ. ವಾರಗಟ್ಟಲೆ ಮುಖ ತೋರಿಸುವುದಿಲ್ಲ. ನಮ್ಮ ಮಾಲೀಕರಿಗೆ ಜೀವ ತಡೆಯುವುದಿಲ್ಲ. ತಾವೇ ಫೋನು ಮಾಡಿ ದರ ಇಳಿಸುತ್ತಾರೆ. ಇಷ್ಟು ವರ್ಷ ಇದನ್ನು ಮೇಜಿನ ಈಚೆ ಕುಳಿತು ನೋಡಿದವನು ಒಂದು ಸಲ ಆಚೆ ಕುಳಿತು ನೋಡಬಾರದೇ? ಬಾಕಿ ಹಣ ತುಂಬದೆ ಸುಮ್ಮನಿದ್ದೆ. ಏಜೆಂಟ ಎರಡು ಸಲ ಫೋನು ಮಾಡಿದ. ಎತ್ತಲಿಲ್ಲ. ಕಾಯಲಿ, ತಾನೇ ಇಳಿಯುತ್ತಾನೆ ಎಂದು ಮೀಸೆಯಲ್ಲೇ ನಕ್ಕೆ. ಮೂರನೆಯ ಸಲ ಫೋನು ಬರಲಿಲ್ಲ, ಸಂದೇಶ ಬಂತು. ಗಡುವು ಮುಗಿದದ್ದರಿಂದ ನಮ್ಮ ಕೋಣೆ ಬೇರೆಯವರಿಗೆ ಹೋಗಿದೆ. ಮುಂಗಡ ವಾಪಸು ಬರುವುದಿಲ್ಲ. ಷರತ್ತು ರಸೀದಿಯ ಹಿಂಬದಿಗೆ ಇದೆ. ತಿರುಗಿಸಿ ನೋಡಿದೆ, ಇತ್ತು. ಅಂಥ ಸಣ್ಣ ಅಕ್ಷರಗಳನ್ನು ಎಷ್ಟು ರಸೀದಿಗಳ ಹಿಂದೆ ನಾನೇ ಮುದ್ರಿಸಿ ಕೊಟ್ಟಿದ್ದೇನೋ, ಒಂದನ್ನೂ ಓದಿದವನಲ್ಲ.

ಹೊರಡಲು ಎಂಟು ದಿನವಿತ್ತು. ಗಿರಿಜಾ ಸೂಟ್‌ಕೇಸಿನಲ್ಲಿ ಸ್ವೆಟರು ಮಡಚಿಡುತ್ತಿದ್ದಳು. ಹೇಳಿದೆ. ಅವಳು ಮಡಚಿದ ಸ್ವೆಟರನ್ನು ಬಿಡಿಸಿ ಮತ್ತೆ ಮಡಚಿದಳು. ವಿದ್ಯಾ ಮಾತ್ರ ನನ್ನ ಹನ್ನೊಂದು ಪಟ್ಟಿಗಳನ್ನೂ ತಂದು ನನ್ನ ಮುಂದೆ ಇಟ್ಟು, ಬಾಗಿಲು ಹಾಕಿಕೊಂಡಳು. ನನಗೆ ಹತ್ತಿದ ಚಿಂತೆ ಬೇರೆ. ಒಂಬತ್ತು ಮನೆಯ ಹೋಳಿಗೆ ಉಂಡು, ಒಂಬತ್ತು ಮನೆಯ ಆಹೇರಿ ಉಟ್ಟು, ಹೋಗಲಿಲ್ಲ ಅಂದರೆ ಮಾರಿ ತೋರಿಸುವುದು ಹೇಗೆ? ಕಾರಣ ಕೇಳಿದರೆ ಏನು ಹೇಳುವುದು? ಅದಕ್ಕೆ ನಾನೇ ಒಂದು ಉಪಾಯ ತೆಗೆದೆ. ಹನ್ನೆರಡು ದಿನ ಎಲ್ಲಾದರೂ ಅಡಗಿದ್ದು, ಹೋಗಿಬಂದೆವು ಅಂದುಬಿಡುವುದು; ಬರುವ ವರ್ಷ ಸದ್ದಿಲ್ಲದೆ ಖರೇನೇ ಹೋಗಿಬರುವುದು. ಚಿಗವ್ವನಿಗಾದರೂ ನಿಜ ಹೇಳೋಣ ಎಂದು ಗಿರಿಜಾ ಗೋಗರೆದಳು. ಚಿಗವ್ವನಿಗೆ ಹೇಳಿದರೆ ಲಕ್ಷ್ಮೇಶ್ವರಕ್ಕೆಲ್ಲ ಹೇಳಿದಂತೆ ಎಂದು ಬಾಯಿ ಮುಚ್ಚಿಸಿದೆ. ಎಲ್ಲಿ ಅಡಗುವುದೆಂದು ಹನ್ನೆರಡನೆಯ ಪಟ್ಟಿ ಬರೆದೆ. ಲಾಡ್ಜಿಗಿಂತ ನಮ್ಮ ಮನೆಯೇ ಅಗ್ಗ ಬಿತ್ತು.

ಹೊರಡುವ ಸಂಜೆ ಓಣಿಯವರೆಲ್ಲ ಸೇರಿದರು. ಎದುರು ಮನೆಯ ಪಾರವ್ವ ಆರತಿ ಎತ್ತಿದಳು. ಆಟೋದಲ್ಲಿ ಸ್ಟೇಶನ್ನಿಗೆ ಹೋಗಿ, ಒಂದೆರಡು ತಾಸು ಕುಳಿತು, ಓಣಿಯವರು ಊಟಕ್ಕೆ ಒಳಗೆ ಸೇರಿದ ಹೊತ್ತು ನೋಡಿ ಹಿತ್ತಲ ಬಾಗಿಲಿನಿಂದ ನಮ್ಮ ಮನೆಗೆ ನಾವೇ ಕಳ್ಳರ ಹಾಗೆ ನುಗ್ಗಿದೆವು. ಮುಂಬಾಗಿಲಿಗೆ ಹೊರಗಿನಿಂದ ಹಾಕಿದ ಕೀಲಿ ಹಾಗೇ ಇತ್ತು. ಮೂರು ಮೊಬೈಲುಗಳನ್ನೂ ಬಂದ್ ಮಾಡಿ ಅಕ್ಕಿ ಡಬ್ಬಿಯಲ್ಲಿಟ್ಟೆ. ಹಡಗಿಗೆ ರೇಂಜ್ ಇರುವುದಿಲ್ಲವಲ್ಲ. ಆಮೇಲೆ ದೀಪದ ಬೆಳಕು ಹೊರಗೆ ಕಾಣುತ್ತದೆಂಬ ಭಯ ಹತ್ತಿತು. ಬೀದಿಯ ಕಡೆಗಿದ್ದ ಒಂದೇ ಕಿಟಕಿಗೆ ದಪ್ಪನೆಯದೇನಾದರೂ ಬೇಕಿತ್ತು. ಸೂಟ್‌ಕೇಸ್ ತೆರೆದು ಚಿಗವ್ವನ ಕೌದಿ ತೆಗೆದೆ. ಅದನ್ನು ಬಿಟ್ಟು ಬೇರೆ ಏನಾದರೂ ಹಾಕಿರಿ ಎಂದು ಗಿರಿಜಾ ಅಂದಳು. ಬೇರೆ ಯಾವುದೂ ಅಷ್ಟು ದಪ್ಪ ಇರಲಿಲ್ಲ. ಸದ್ದಾಗದಂತೆ ಸುತ್ತಿಗೆಗೆ ಬಟ್ಟೆ ಸುತ್ತಿ, ನಾಲ್ಕು ಮೊಳೆ ಹೊಡೆದು ಬಿಗಿದೆ.

ಮೇ ತಿಂಗಳ ಬೆಟಗೇರಿಯಲ್ಲಿ ಕಿಟಕಿಗೆ ಕೌದಿ ಬಡಿದು ಕುಳಿತವರ ಸುಖವನ್ನು ಏನೆಂದು ಹೇಳಲಿ! ಫ್ಯಾನು ಹಾಕಿದರೆ ಸದ್ದು, ಕುಕ್ಕರ್ ಇಟ್ಟರೆ ಸೀಟಿ. ಹಾಗಾಗಿ ಬುತ್ತಿಯ ಮೇಲೇ ದಿನ ದೂಡಿದೆವು. ಕಡಕ್ ರೊಟ್ಟಿ ಮುರಿದರೆ ಅದೂ ಓಣಿಗೆಲ್ಲ ಕೇಳುತ್ತದೆ. ಆದ್ದರಿಂದ ನೀರಲ್ಲಿ ನೆನೆಸಿ, ಹಲ್ಲಿಲ್ಲದವರ ಹಾಗೆ ಉಂಡೆವು. ಐದನೆಯ ದಿನ ನಲ್ಲಿಗೆ ನೀರು ಬಂತು. ಹತ್ತು ದಿನಕ್ಕೊಮ್ಮೆ ಬರುವ ನೀರು, ನಮ್ಮ ನಲ್ಲಿ ಇರುವುದು ಮುಂದಿನ ಅಂಗಳದಲ್ಲಿ. ಒಳಗೆ ಒಂದೂವರೆ ಕೊಡ ಉಳಿದಿತ್ತು. ಹೊರಗೆ ನೀರು ಸುರಿಯುವುದನ್ನು ಕೇಳುತ್ತ ಮೂವರೂ ಕತ್ತಲಲ್ಲಿ ಕುಳಿತೆವು. ಪಾರವ್ವ ಬಂದು, ಪಾಪ, ಅವರು ನೀರಿನ ಮೇಲೆ ತೇಲಾಡುತ್ತಿದ್ದಾರೆ, ಇಲ್ಲಿ ನೀರು ಹಾಳಾಗುತ್ತಿದೆ ಅನ್ನುತ್ತ ನಲ್ಲಿ ಬಿಗಿದು ಹೋದಳು. ನನಗೆ ನಗು ಬಂತು. ವಿದ್ಯಾಳ ಮುಖ ನೋಡಿ ನುಂಗಿಕೊಂಡೆ.

ಏಳನೆಯ ದಿನ ಗಿರಿಜಾ ಯಾಕೋ ಬೆಳಗಿನಿಂದ ಕೌದಿಯ ಮುಂದೆಯೇ ಕುಳಿತಿದ್ದಳು. ಬಿಸಿಲು ಬಿದ್ದಾಗ ನಡುವಿನ ಹಸಿರು ತುಂಡೊಂದೇ ಬೆಳಕು ಬಿಡುತ್ತಿತ್ತು. “ಚಿಗವ್ವಗ ಒಂದು ಫೋನ್ ಹಚ್ತೀನ್ರಿ. ದನಿ ಕೇಳಿ ಇಟ್ಟಬಿಡ್ತೀನಿ” ಅಂದಳು. ಹಡಗಿನಿಂದ ಹೇಗೆ ಫೋನು ಮಾಡಿದೆ ಎಂದು ಕೇಳಿದರೆ ಏನನ್ನುತ್ತೀ ಎಂದು ನಾನು ಅಕ್ಕಿ ಡಬ್ಬಿಯನ್ನು ಎತ್ತಿ ಅಟ್ಟದ ಮೇಲಿಟ್ಟೆ. ಅವಳ ಕೈಗೆ ಅದು ಎಟಕುವುದಿಲ್ಲ.

ಹನ್ನೆರಡು ದಿನ ಕಳೆದು, ನಸುಕಿನಲ್ಲಿ ಹಿತ್ತಲಿನಿಂದ ಹೊರಬಿದ್ದು, ಆಟೋ ಹಿಡಿದು ಮುಂಬಾಗಿಲಿಗೆ ಬಂದಿಳಿದೆವು. ನೀರಿಲ್ಲದೆ, ಬೆವತು, ಸೊರಗಿ ಹೋಗಿದ್ದ ನಮ್ಮನ್ನು ನೋಡಿ ಪಾರವ್ವ ಪರದೇಶದ ಹವಾ ಒಗ್ಗಿಲ್ಲವೆಂದು ಮರುಗಿದಳು. ಕೀಲಿ ತೆಗೆದು ಒಳಗೆ ಹೋಗಿ ಮೊಬೈಲು ಹಚ್ಚಿದೆ. ಚಿಗವ್ವನ ಮಗ ಮಲ್ಲಪ್ಪನ ಒಂದೇ ಒಂದು ಸಂದೇಶ ಇತ್ತು, ಹಿಂದಿನ ದಿನದ್ದು. ಊರಿಗೆ ಬಂದ ಮೇಲೆ ಓದಲೆಂದೇ ಕಳಿಸಿದ್ದನಂತೆ. ಅವ್ವ ಹೋಗಿ ನಾಲ್ಕು ದಿನವಾಯಿತು ಎಂದು ಬರೆದಿದ್ದ.

ಲಕ್ಷ್ಮೇಶ್ವರದ ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟಿಲ್ಲ. ನನ್ನೊಬ್ಬನದೇ ತೆಗೆಸಿದೆ. ಒಂದು ತಾಸಿನ ದಾರಿ. ಹನ್ನೆರಡು ಪಟ್ಟಿ ಬರೆದವನಿಗೆ ಈ ದಾರಿಯ ಖರ್ಚು ಬರೆದು ನೋಡಬೇಕೆಂದು ಅಡಗಿದ್ದ ಅಷ್ಟೂ ದಿನ ಒಮ್ಮೆಯೂ ಹೊಳೆದಿರಲಿಲ್ಲ. ಗಿರಿಜಾ ಕಿಟಕಿಗೆ ತಲೆ ಆನಿಸಿ ಕುಳಿತವಳು ಊರು ಬರುವವರೆಗೆ ನನ್ನ ಕಡೆ ತಿರುಗಲಿಲ್ಲ.

ಮಲ್ಲಪ್ಪ ನಮ್ಮನ್ನು ಕಂಡು ಅತ್ತು, ಆಮೇಲೆ ತಾನೇ ಸಮಾಧಾನ ಹೇಳಿದ. ನಾವು ಹೊರಟ ಐದನೆಯ ದಿನ ಅವ್ವ ಪಡಸಾಲೆಯಲ್ಲಿ ಜಾರಿ ಬಿದ್ದಳಂತೆ. ಮೂರು ದಿನ ಮಾತು ಇತ್ತಂತೆ. ಹೇಗಾದರೂ ಮಾಡಿ ಏಜೆಂಟನ ಮೂಲಕ ಹಡಗಿಗೆ ಸುದ್ದಿ ಮುಟ್ಟಿಸುತ್ತೇನೆ ಎಂದು ಇವನು ಎದ್ದರೆ, ಅವಳೇ ಕೈಹಿಡಿದು ಕೂರಿಸಿದಳಂತೆ. “ಬ್ಯಾಡಪಾ ಅಂದ್ಲು ಮಾಮಾ. ನನ್ನ ಗಿರಿಜಾ ಹುಟ್ಟಿದಾಗಿಂದ ಒಂದs ಸಲ ಹೊಂಟಾಳ, ನೋಡಿ ಬರ್ಲಿ ಬಿಡು, ಬಂದು ಹೇಳ್ತಾಳ ಅಂದ್ಲು.” ಗಿರಿಜಾ ಚಿಗವ್ವ ಮಲಗುತ್ತಿದ್ದ ಹೊರಸಿನ ಕಾಲು ಹಿಡಿದು ಕೆಳಗೆ ಕುಳಿತುಬಿಟ್ಟಳು. ವಿದ್ಯಾ ಹೊರಗೆ ಹೋದಳು. ಬಂದವರೆಲ್ಲ ಹಿಮ ಹೇಗಿತ್ತು, ಸೂರ್ಯ ಮುಳುಗಲಿಲ್ಲವೇ ಎಂದು ಮೆಲ್ಲಗೆ ನನ್ನನ್ನೇ ಕೇಳಿದರು. ಹಿಮ ಬೆಳ್ಳಗಿತ್ತು ಅಂದೆ. ಇಲ್ಲ, ಮುಳುಗಲಿಲ್ಲ ಅಂದೆ. ನೀರು ನೀಲಿ ಇತ್ತು ಅಂದೆ. ಎಲ್ಲ ಕ್ಯಾಲೆಂಡರಿನದೇ.

ಹೊರಡುವ ಹೊತ್ತಿಗೆ ಮಲ್ಲಪ್ಪ ಅಂಗಳದವರೆಗೆ ಬಂದ. ಏನೋ ಕೇಳಬೇಕೆಂದು ಬಹಳ ಹೊತ್ತಿನಿಂದ ತಡೆದುಕೊಂಡವನ ಹಾಗಿದ್ದ. “ಕಡೀಕ ಅವ್ವಗ ಒಂದs ಚಿಂತಿ ಇತ್ರಿ ಮಾಮಾ. ಕಣ್ಣು ಕಾಣದ ಹೊಲದೀನಿ, ಹೊಲಿಗಿ ಬಿಟ್ಟಿತೋ ಏನೋ ಅಂತಿದ್ಲು. ಆ ಕೌದಿ ಉಪಯೋಗ ಬಿತ್ತೇನ್ರಿ?”

ಗಿರಿಜಾ ಅಂದು ಮೊದಲ ಸಲ ತಲೆ ಎತ್ತಿ ನನ್ನ ಮುಖ ನೋಡಿದಳು.

“ಭಾಳ ಉಪಯೋಗ ಬಿತ್ತು ಮಲ್ಲಪ್ಪಾ,” ಅಂದೆ. “ಹನ್ನೆರಡೂ ದಿನ. ಒಂದು ಹೊಲಿಗಿ ಬಿಡಲಿಲ್ಲ.”

ಆ ದಿನ ಆ ಮನೆಯಲ್ಲಿ ನಾನು ಆಡಿದ ಮಾತುಗಳಲ್ಲಿ ಸುಳ್ಳಲ್ಲದ್ದು ಅದೊಂದೇ.