ಏಳು ದಿನ ಗ್ಯಾರಂಟಿಯ ಡ್ರಿಲ್ಲು

ತನ್ನ ಕೈಯಲ್ಲಿ ಆಗದ ಕೆಲಸ ಯಾವುದು ಎಂದು ತಿಳಿದಿರುವವನೇ ಜಾಣ ಎನ್ನುತ್ತಾರೆ. ಆ ಲೆಕ್ಕದಲ್ಲಿ ನಾನು ಹುಟ್ಟುಜಾಣ. ಗೋಡೆಗೆ ಒಂದು ಮೊಳೆ ಹೊಡೆಯುವುದು ನನ್ನಿಂದಾಗದು ಎಂಬುದು ಬುದ್ಧಿ ಬಂದಾಗಿನಿಂದ ನನಗೆ ಗೊತ್ತು. ಆದರೆ ಗೊತ್ತಿರುವುದು ಬೇರೆ, ಹೆಂಡತಿಯ ಎದುರು ಒಪ್ಪಿಕೊಳ್ಳುವುದು ಬೇರೆ. ಈ ಗುಣ ತಂದೆಯಿಂದ ಬಂದದ್ದು. ಅವರು ಪೋಸ್ಟ್ ಮಾಸ್ಟರ್ ಆಗಿದ್ದರು. ಅಂಚೆಚೀಟಿಯ ಮೇಲೆ ಮೊಹರು ಹೊಡೆಯುವಾಗ ಒಂದು ದಿನವೂ ತಪ್ಪದ ಅವರ ಕೈ, ಸುತ್ತಿಗೆ ಹಿಡಿದರೆ ಮಾತ್ರ ಅಂಗೈಯಗಲ ಗಾರೆ ಉದುರಿಸುತ್ತಿತ್ತು. ಮೊಳೆ ಹೇಗೋ ನಿಂತಿರುತ್ತಿತ್ತು. ಅದರ ಕೆಳಗೆ ಗೋಡೆಯೇ ಇರುತ್ತಿರಲಿಲ್ಲ. ಅವರು ಏನೂ ಆಗದವರಂತೆ ಪೇಪರ್ ಓದಲು ಕೂರುತ್ತಿದ್ದರು. ಅಮ್ಮ ಏನೂ ಕಾಣದವಳಂತೆ ಬಂದು, ಗುಂಡಿ ಮುಚ್ಚುವಷ್ಟು ದೊಡ್ಡ ಕ್ಯಾಲೆಂಡರ್ ಹುಡುಕಿ ಅಲ್ಲಿ ತೂಗುಹಾಕುತ್ತಿದ್ದಳು. ಬಂದವರು ಯಾರಾದರೂ "ಇದೇನ್ರೀ, ಮನೆ ತುಂಬ ಕ್ಯಾಲೆಂಡರು?" ಎಂದರೆ, "ಇವರಿಗೆ ತಿಥಿ ವಾರ ನೋಡೋ ಅಭ್ಯಾಸ ಸ್ವಲ್ಪ ಜಾಸ್ತಿ" ಎನ್ನುತ್ತಿದ್ದಳು. ತಂದೆ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ.

ತಂದೆಗಿಲ್ಲದ ಇನ್ನೊಂದು ದೋಷ ನನ್ನಲ್ಲಿತ್ತು. ನಾನು ಮತ್ತಿಕೆರೆಯ ಒಂದು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ಒಂದೇ ಕೆಲಸ ಮಾಡುವ ಎರಡು ವಸ್ತುಗಳಿದ್ದರೆ ವಿವೇಕಿಯಾದ ಗ್ರಾಹಕ ಅಗ್ಗದ್ದನ್ನೇ ಕೊಳ್ಳುತ್ತಾನೆ ಎಂದು ಇಪ್ಪತ್ತೆರಡು ವರ್ಷ ಪಾಠ ಮಾಡಿದವನು ಬೇರೆ ರೀತಿ ನಡೆದುಕೊಂಡರೆ ಮಕ್ಕಳ ಮುಖ ನೋಡುವುದು ಹೇಗೆ? ಹಾಗಾಗಿ ಯಶವಂತಪುರದಲ್ಲಿ ಭಾನುವಾರ ರಸ್ತೆ ಬದಿ ಟಾರ್ಪಾಲು ಹಾಸಿ ಸಾಮಾನು ಹರಡುವವರ ಬಳಿಯಿಂದ ನಾನು ಒಂದು ಡಬ್ಬ ತುಂಬ ಉಪಕರಣ ಕೂಡಿಹಾಕಿದ್ದೆ. ಅದರಲ್ಲಿದ್ದ ಸ್ಕ್ರೂಡ್ರೈವರ್ ತಿರುಗಿಸಿದರೆ ಸ್ಕ್ರೂ ಅಲ್ಲಾಡುತ್ತಿರಲಿಲ್ಲ, ಸ್ಕ್ರೂಡ್ರೈವರಿನ ತುದಿಯೇ ತಿರುಚಿಕೊಳ್ಳುತ್ತಿತ್ತು. ಸ್ಪ್ಯಾನರ್ ಒಮ್ಮೆ ನಟ್ಟು ಕಚ್ಚಿ ಬಾಯಿ ಬಿಟ್ಟದ್ದು ಮತ್ತೆ ಮುಚ್ಚಲಿಲ್ಲ. ನನ್ನ ಹೆಂಡತಿ ಸುಮ ಒಂದು ದಿನ ಆ ಡಬ್ಬವನ್ನು ಅಟ್ಟಕ್ಕೆ ಏರಿಸುತ್ತಾ, "ಈ ಸಾಮಾನು ರಿಪೇರಿ ಮಾಡೋಕೆ ಒಂದ್ ಸೆಟ್ ಬೇರೆ ಸಾಮಾನು ತಗೊಂಡ್ಬಿಡಿ" ಎಂದಳು. ತತ್ತ್ವಕ್ಕಾಗಿ ಬಾಳುವವರು ಇಂಥ ಮಾತುಗಳನ್ನು ಕೇಳಿಸಿಕೊಳ್ಳಬಾರದು ಎಂದು ಸುಮ್ಮನಿದ್ದೆ.

ಸುಮ್ಮನಿರಲಾಗದ ಒಂದು ದಿನ ಬಂತು. ಎಪ್ಪತ್ತಾರರ ಅಮ್ಮ ಬಚ್ಚಲುಮನೆಯಲ್ಲಿ ಜಾರಿದಳು. ಬೀಳುವಾಗ ನಲ್ಲಿಯನ್ನು ಹಿಡಿದುಕೊಂಡಳು. ಪ್ಲಾಸ್ಟಿಕ್ಕಿನ ನಲ್ಲಿ, ಅದೂ ನಾನೇ ಟಾರ್ಪಾಲಿನ ಮೇಲಿಂದ ಆರಿಸಿ ತಂದದ್ದು. ಅದು ಅಮ್ಮನ ಕೈಗೇ ಬಂತು. ನಾವು ಬಾಗಿಲು ತಳ್ಳಿ ಒಳಗೆ ಹೋದಾಗ ಅಮ್ಮ ನೆಲದ ಮೇಲೆ ಕೂತಿದ್ದಳು, ಗೋಡೆಯಿಂದ ನೀರು ಚಿಮ್ಮಿ ಅವಳ ತಲೆಯ ಮೇಲೆ ಸುರಿಯುತ್ತಿತ್ತು, ಕೈಯಲ್ಲಿ ನಲ್ಲಿ ಇತ್ತು. "ಮೂಳೆ ಏನೂ ಆಗಿಲ್ಲ, ಮೊದ್ಲು ನೀರ್ ನಿಲ್ಸೋ" ಎಂದಳು. ಮಂಡಿ ಮಾತ್ರ ಊದಿತು. ಡಾಕ್ಟರು, "ಈ ಸಲ ಬಚಾವು. ಬಚ್ಚಲ ಗೋಡೆಗೆ ಒಂದು ಸ್ಟೀಲ್ ಹಿಡಿಕೆ ಹಾಕಿಸಿ, ಇನ್ನೊಂದು ಸಲ ಬಿದ್ದರೆ ಏಳೋದು ಕಷ್ಟ" ಎಂದರು. ಆ ಮಾತು ಕೇಳಿದ ಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ. ಆ ಹಿಡಿಕೆಯನ್ನು ನಾನೇ, ನನ್ನ ಕೈಯಾರೆ ಹಾಕಬೇಕು ಎಂದು ತೀರ್ಮಾನಿಸಿದೆ. ಹೆತ್ತ ತಾಯಿ ಹಿಡಿದು ನಿಲ್ಲುವ ಆಸರೆಯನ್ನು ಕೂಲಿ ಕೊಟ್ಟು ಹಾಕಿಸುವುದು ಅಷ್ಟು ಸರಿಯಲ್ಲ ಎಂದು ನನಗನ್ನಿಸಿತು.

ಡ್ರಿಲ್ಲು ಬೇಕಿತ್ತು. ಜಾಲಹಳ್ಳಿಯ ನಮ್ಮ ಬೀದಿಯಲ್ಲಿ ಒಳ್ಳೆಯ ಡ್ರಿಲ್ಲು ಇದ್ದದ್ದು ಎದುರುಮನೆಯ ಗಂಗಪ್ಪನವರ ಹತ್ತಿರ. ಯಲಹಂಕದ ಕಡೆಯ ಹಳ್ಳಿಯವರು, ಇಲ್ಲಿನ ಸರ್ಕಾರಿ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ತುಂಬಾ ಬೆಲೆಯ ಆ ಡ್ರಿಲ್ಲನ್ನು ಹಳೆಯ ಬನಿಯನ್ನಿನಲ್ಲಿ ಸುತ್ತಿ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಕೇಳಲು ಹೋದೆ. "ಮೇಷ್ಟ್ರೇ, ಮನೆಯೋಳ ಒಡವೆ ಬೇಕಾದ್ರೆ ಕೇಳಿ, ಕೊಡಾನ. ಡ್ರಿಲ್ ಮಾತ್ರ ಕೊಡಾಕಿಲ್ಲ. ಅದು ಎಲ್ಲೋಯ್ತದೋ ನಾನೂ ಅಲ್ಲಿಗೇ ಓಯ್ತೀನಿ. ಯಾವಾಗ ಬರ್ಲಿ ಏಳಿ" ಎಂದರು. ಇದಕ್ಕಿಂತ ಒಳ್ಳೆಯ ಉತ್ತರ ಯಾವ ನೆರೆಯವರಿಂದ ಸಿಕ್ಕೀತು? ಆದರೆ ಅವರು ಬಂದರೆ ಹಿಡಿಕೆ ಅವರು ಹಾಕಿದಂತಾಗುತ್ತದೆ. ನನ್ನ ಕೈಗೆ ಡ್ರಿಲ್ಲು ಕೊಡಲು ಇವರಿಗೆ ನಂಬಿಕೆಯಿಲ್ಲ ಎಂದು ಮುನಿಸಿಕೊಂಡು, "ಬೇಡ ಬಿಡಿ, ನೋಡ್ತೀನಿ" ಎಂದು ಎದ್ದುಬಂದೆ. ನಂಬಿಕೆಯಿಲ್ಲದಿದ್ದರೆ ಅದರಲ್ಲಿ ತಪ್ಪೇನಿತ್ತು ಎಂದು ಈಗ ಕೇಳಿಕೊಳ್ಳುತ್ತೇನೆ.

ಭಾನುವಾರ ಯಶವಂತಪುರಕ್ಕೆ ಹೋಗಿ, ಗಂಗಪ್ಪನವರ ಡ್ರಿಲ್ಲಿನ ಬೆಲೆಯ ಎಂಟನೇ ಒಂದು ಭಾಗಕ್ಕೆ ಒಂದು ಹಸಿರು ಡ್ರಿಲ್ಲು ತಂದೆ. ಮಾರುವವನು ಪ್ರಾಮಾಣಿಕ. "ಸಾರ್, ಏಳು ದಿನ ಗ್ಯಾರಂಟಿ. ಮುಂದಿನ್ ಭಾನುವಾರ ಇಲ್ಲೇ ಇರ್ತೀನಿ, ಕೆಟ್ಟರೆ ತನ್ನಿ. ಆಮೇಲಿಂದು ದೇವ್ರಿಗೆ ಬಿಟ್ಟಿದ್ದು" ಎಂದ. ಸಂಭ್ರಮದಿಂದ ಮನೆಗೆ ಬಂದು ಪೆಟ್ಟಿಗೆ ಬಿಚ್ಚಲು ಕೂತರೆ ಅಮ್ಮ ತಡೆದಳು. "ಇವತ್ತು ನವರಾತ್ರಿ ಶುರು. ಆಯುಧಪೂಜೆ ಎದುರಿಗಿಟ್ಕೊಂಡು, ಪೂಜೆ ಆಗದ ಹೊಸ ಆಯುಧ ಮುಟ್ತಾರೇನೋ ಸೀನ? ತಂದು ದೇವರ ಮುಂದೆ ಇಡು." ಇಟ್ಟೆ. ಒಂಬತ್ತು ದಿನ ಅದು ದೇವರ ಮನೆಯಲ್ಲಿ ಬೊಂಬೆಗಳ ಪಕ್ಕ ಕೂತಿತು. ಅಲ್ಲಿಯವರೆಗೆ ಅಮ್ಮ ಸ್ನಾನಕ್ಕೆ ಹೋದಾಗಲೆಲ್ಲ ಸುಮ ಬಾಗಿಲ ಹೊರಗೆ ನಿಂತಿರುತ್ತಿದ್ದಳು. ಆಯುಧಪೂಜೆಯ ದಿನ ಡ್ರಿಲ್ಲಿಗೆ ಅರಿಶಿನ, ಕುಂಕುಮ, ಸೇವಂತಿಗೆ ಹೂ, ಎದುರಿಗೆ ಒಡೆದ ಬೂದುಗುಂಬಳ. ಆಯುಧಗಳಿಗೆ ಅಂದು ರಜೆ, ಆದ್ದರಿಂದ ಅಂದೂ ಮುಟ್ಟುವಂತಿಲ್ಲ. ವಿಜಯದಶಮಿಯ ಬೆಳಿಗ್ಗೆ ಶುಭಮುಹೂರ್ತದಲ್ಲಿ ಮೊದಲ ಸಲ ಅದರ ಗುಂಡಿ ಒತ್ತಿದೆ. ಸುಟ್ಟ ರಬ್ಬರಿನ ವಾಸನೆ ಬಂತು. ಗ್ಯಾರಂಟಿ ಮುಗಿದು ಎರಡು ದಿನವಾಗಿತ್ತು.

ಆದರೂ ಅದು ತಿರುಗಿತು. ಬಹಳ ಉತ್ಸಾಹದಿಂದಲೇ ತಿರುಗಿತು; ಅದರ ತುದಿಯ ಕಡ್ಡಿ ಮಾತ್ರ ನೆಟ್ಟಗೆ ತಿರುಗದೆ ಸುತ್ತಲೂ ತೊನೆದಾಡಿತು. ಒಂದು ಟೈಲ್ಸು ಸೀಳಿತು. ಕಡಲೆಬೀಜದಷ್ಟು ಆಗಬೇಕಾದ ತೂತು ಅಡಿಕೆಯಷ್ಟಾಯಿತು. ಅದರೊಳಗೆ ಇಟ್ಟ ಪ್ಲಾಸ್ಟಿಕ್ ಪ್ಲಗ್ಗು ಜಾರಿ ಜಾರಿ ಹೊರಬರುತ್ತಿತ್ತು. ಆಗ ನಮ್ಮ ವಂಶದ ವಿದ್ಯೆ ನೆನಪಾಯಿತು. ಅರ್ಧ ಪೆಟ್ಟಿಗೆ ಬೆಂಕಿಕಡ್ಡಿ ಮುರಿದು ತೂತುಗಳಿಗೆ ತುರುಕಿ, ಸ್ಕ್ರೂ ಬಿಗಿದು, ಮೇಲೆ ವೈಟ್ ಸಿಮೆಂಟ್ ಮೆತ್ತಿದೆ. ಹಿಡಿಕೆ ನಿಂತಿತು. ಮಾರನೆಯ ದಿನ ಅಮ್ಮ ಸ್ನಾನ ಮುಗಿಸಿ ಬಂದು, "ಚೆನ್ನಾಗಿ ಕೂರ್ಸಿದ್ದೀಯ ಕಣೋ, ಗಟ್ಟಿಯಾಗಿದೆ" ಎಂದಳು. ನಾನು ಹಿಗ್ಗಿ ಹೀರೇಕಾಯಿಯಾದೆ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎರಡು ವಾರ ಇದೇ ಮಾತು. ದುಬಾರಿ ಕಂಪನಿಗಳು ಹೆಸರಿಗಾಗಿ ಹೇಗೆ ಹಣ ಕೀಳುತ್ತವೆ ಎಂಬುದಕ್ಕೆ ತರಗತಿಯಲ್ಲೂ ನನ್ನ ಡ್ರಿಲ್ಲೇ ಉದಾಹರಣೆಯಾಯಿತು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಗಂಗಪ್ಪನವರನ್ನು ಕಾಫಿಗೆ ಕರೆದೆ. ಕಾಫಿ ನೆಪ, ಬಚ್ಚಲು ತೋರಿಸುವುದು ಉದ್ದೇಶ. ಅವರು ಪಂಚೆ ಎತ್ತಿ ಕಟ್ಟಿ ಒಳಗೆ ಬಂದು, ಸೀಳಿದ ಟೈಲ್ಸಿನ ಮೇಲೆ ಬೆರಳಾಡಿಸಿದರು. ಆಮೇಲೆ, "ಮೇಷ್ಟ್ರೇ, ಜೋತು ಬಿದ್ದು ನೋಡಿದ್ರಾ?" ಎಂದರು. ಯಾಕೆ ಎಂದೆ. "ನಮ್ ಟೂಲ್ ರೂಮ್ನಾಗೆ ಇಂಗೇ. ಭಾರ ಒರೋದು ಏನೇ ಆಕಿದ್ರೂ, ಆಕಿದೋನೇ ಮೊದ್ಲು ಜೋತು ಬೀಳ್ಬೇಕು. ಆಮ್ಯಾಕೆ ಮಿಕ್ಕೋರು ಮುಟ್ಟೋದು." ಇದೇನು ದೊಡ್ಡ ವಿಷಯ ಎಂದು ನಾನು ಎರಡೂ ಕೈಯಲ್ಲಿ ಹಿಡಿಕೆ ಹಿಡಿದು ಮಂಡಿ ಮಡಚಿದೆ. ಒಂದು ಕ್ಷಣ ಕೂಡ ಅದು ತಡೆಯಲಿಲ್ಲ. ಬೆನ್ನು ಬಕೆಟ್ಟಿನ ಮೇಲೆ, ಹಿಡಿಕೆ ಎದೆಯ ಮೇಲೆ, ಮೈಮೇಲೆಲ್ಲ ಬೆಂಕಿಕಡ್ಡಿಗಳು. ಗಂಗಪ್ಪನವರು ನಗಲಿಲ್ಲ. ನನ್ನನ್ನು ಎಬ್ಬಿಸಿ ಕೂರಿಸಿ, ಕಡ್ಡಿಗಳನ್ನು ಒಂದೊಂದಾಗಿ ಹೆಕ್ಕಿ ಅಂಗೈಯಲ್ಲಿ ಇಟ್ಟುಕೊಂಡರು.

ಬೆನ್ನಿನ ನೋವು ಆಮೇಲೆ ಗೊತ್ತಾಯಿತು. ಮೊದಲು ಬಂದದ್ದು ಬೇರೆಯೇ ಯೋಚನೆ. ಎರಡು ವಾರ ಅಮ್ಮ ದಿನವೂ ಇದನ್ನೇ ಹಿಡಿದು ನಿಂತಿದ್ದಳಲ್ಲ! ಸದ್ದು ಕೇಳಿ ಅಮ್ಮ ಬಾಗಿಲಿಗೆ ಬಂದಿದ್ದಳು. "ಅಮ್ಮ, ನೀನು ಇದನ್ನ ಹೇಗೆ ಹಿಡ್ಕೊಳ್ತಿದ್ದೆ?" ಎಂದೆ. ಅಮ್ಮ ಗಂಗಪ್ಪನವರ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಹಿಡ್ಕೊಳ್ತಿದ್ದೆ ಅಂತ ಯಾರು ಹೇಳಿದ್ದು? ಮೊದಲ್ನೇ ದಿನವೇ ಮುಟ್ಟಿದ್ರೆ ಅಲ್ಲಾಡ್ತು. ನೀನು ಅಷ್ಟು ಆಸೆಪಟ್ಟು ಹಾಕಿದ್ದೀಯ. ದಿನಾ ಎರಡು ಬೆರಳಲ್ಲಿ ಮುಟ್ಟಿ ಕಣ್ಣಿಗೊತ್ಕೊಂಡು, ಗೋಡೆ ಹಿಡ್ಕೊಂಡು ಬರ್ತಿದ್ದೆ." ಮಗನ ಮನಸ್ಸು ನೋಯಬಾರದೆಂದು ಎಪ್ಪತ್ತಾರು ವರ್ಷದ ಹೆಂಗಸು ಎರಡು ವಾರ ಒದ್ದೆ ನೆಲದ ಮೇಲೆ ಆಸರೆಯಿಲ್ಲದೆ ನಡೆದಿದ್ದಾಳೆ. ಜಾರಿದ್ದರೆ? ತಂದೆಯ ಗುಂಡಿಗಳಿಗೆ ಕ್ಯಾಲೆಂಡರ್ ಇತ್ತು, ನನ್ನದಕ್ಕೆ ಅಮ್ಮ ತನ್ನ ಪ್ರಾಣವನ್ನೇ ಅಡ್ಡ ಇಟ್ಟಿದ್ದಳು. ನನಗೆ ನಾಚಿಕೆಯಿಂದ ಅಳು ಬಂತು. ಬೆನ್ನು ನೋಯುತ್ತಿದೆ ಎಂದು ಹೇಳಿ ಕಣ್ಣೊರೆಸಿಕೊಂಡೆ.

ಮಾರನೆಯ ದಿನ ಗಂಗಪ್ಪನವರು ತಗಡಿನ ಪೆಟ್ಟಿಗೆ ಹಿಡಿದು ಬಂದರು. ಅಮ್ಮ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಳು. ಅವರು ಬನಿಯನ್ ಬಿಚ್ಚಿ ಡ್ರಿಲ್ಲು ತೆಗೆದು, ಗೋಡೆ ತಟ್ಟಿ ತಟ್ಟಿ ಕೇಳಿ, ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಹಳೆಯ ತೂತುಗಳಿಂದ ದೂರದಲ್ಲಿ ಎಡತುದಿಗೆ ಮೂರು ತೂತು ಕೊರೆದರು. ಟೈಲ್ಸು ಕೂದಲೆಳೆಯಷ್ಟೂ ಬಿರುಕು ಬಿಡಲಿಲ್ಲ. ಆಮೇಲೆ ಬೀದಿಯಲ್ಲಿ ಯಾರೂ ನಂಬದ ಒಂದು ಕೆಲಸ ಮಾಡಿದರು. ಡ್ರಿಲ್ಲನ್ನು ನನ್ನ ಕೈಗೆ ಕೊಟ್ಟು, "ಬಲಗಡೆದು ನೀವ್ ಕೊರೀರಿ ಮೇಷ್ಟ್ರೇ. ನಿಮ್ಮಮ್ಮಂಗೆ ನೀವೂ ಆಕ್ದಂಗಿರ್ಲಿ" ಎಂದರು. ಅದರ ಭಾರವೇ ಬೇರೆ, ಸದ್ದೇ ಬೇರೆ. ನಾನು ತಳ್ಳುವ ಮೊದಲೇ ಅದಕ್ಕೆ ದಾರಿ ಗೊತ್ತಿದ್ದಂತಿತ್ತು. ಮೂರು ತೂತೂ ನೋಡುವಂತೆ ಬಂದವು. ಎಡತುದಿಗೆ ಅವರು, ಬಲತುದಿಗೆ ನಾನು, ಇಬ್ಬರೂ ಒಟ್ಟಿಗೆ ಜೋತು ಬಿದ್ದೆವು. ಹಿಡಿಕೆ ಅಲ್ಲಾಡಲಿಲ್ಲ. ಹಾಗಾದರೆ ನಾನೂ ಇಂಥದ್ದೇ ಒಂದು ಡ್ರಿಲ್ಲು ಕೊಂಡುಬಿಡಲೇ ಎಂದು ಕೇಳಿದೆ. ಅವರು ಬನಿಯನ್ ಸುತ್ತುತ್ತಾ, "ದಿನಾ ಮಾಡೋ ಕೆಲ್ಸಕ್ಕಾದ್ರೆ ಒಳ್ಳೇದೇ ತಗೊಳ್ಳಿ. ವರ್ಸಕ್ಕೊಂದ್ ಸಲ ಮಾಡೋದಕ್ಕೆ ನನ್ ಕರೀರಿ" ಎಂದರು. ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಚೊಕ್ಕವಾಗಿ ನಾನು ಒಂದು ಪಾಠವನ್ನೂ ಮುಗಿಸಿರಲಿಲ್ಲ.

ಇದೆಲ್ಲ ಆಗಿ ನಾಲ್ಕು ವರ್ಷವಾಯಿತು. ಹಸಿರು ಡ್ರಿಲ್ಲು ಆಯುಧಪೂಜೆಗೊಮ್ಮೆ ಅಟ್ಟದಿಂದ ಇಳಿದು, ಕುಂಕುಮ ಇಡಿಸಿಕೊಂಡು ಮತ್ತೆ ಅಟ್ಟ ಹತ್ತುತ್ತದೆ. ಅಮ್ಮ ಒಂದು ಸಲವೂ ಜಾರಿಲ್ಲ. ಆದರೆ ಈಚೆಗೆ ಒಂದು ವಿಷಯ ಗಮನಿಸಿದೆ. ಹಿಡಿಕೆಯ ಎಡತುದಿ ಅಮ್ಮನ ಕೈ ತಾಗಿ ತಾಗಿ ಮಿರಮಿರ ಮಿಂಚುತ್ತಿದೆ. ನಾನು ಕೊರೆದ ಬಲತುದಿ ಹೊಸದರಂತೆಯೇ ಇದೆ, ಅದರ ಮೇಲೆ ಯಾವಾಗಲೂ ಟವೆಲ್ಲು. "ಅಮ್ಮ, ಎರಡೂ ಕಡೆ ಕೊರೆದದ್ದು ಒಂದೇ ಡ್ರಿಲ್ಲು ಕಣಮ್ಮ" ಎಂದೆ. "ಗೊತ್ತು ಕಣೋ, ನಾನೇ ಕೂತು ನೋಡ್ಲಿಲ್ವಾ? ಟವೆಲ್ ಹಾಕೋಕೆ ಬಲಗಡೆ ಬಹಳ ಅನುಕೂಲ" ಎಂದಳು. ನಾಲ್ಕು ದಿನ ನನಗೆ ನಿಜವಾಗಿಯೂ ಬೇಜಾರಾಯಿತು. ಐದನೆಯ ದಿನ ಸ್ನಾನ ಮಾಡುವಾಗ ಸೋಪಿನ ಮೇಲೆ ಕಾಲಿಟ್ಟು ನಾನೇ ಜಾರಿದೆ. ಕಣ್ಣಲ್ಲಿ ನೊರೆ, ಯೋಚಿಸಲು ಸಮಯವಿಲ್ಲ. ಕೈ ತಾನಾಗಿ ಹೋಗಿ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿಯಿತು, ಬದುಕಿಕೊಂಡೆ. ನೊರೆ ಒರೆಸಿ ಕಣ್ಣು ಬಿಟ್ಟು ನೋಡಿದೆ. ಬಲತುದಿ ನನ್ನ ಮೂಗಿನ ಹತ್ತಿರವೇ ಇತ್ತು. ಅದನ್ನು ದಾಟಿ ಕೈ ಚಾಚಿ, ನಾನು ಎಡಗಡೆಯದನ್ನು ಹಿಡಿದುಕೊಂಡಿದ್ದೆ.