ಇಂಗ್ಲಿಷ್ ಪೇಪರೂ ನಳದ ಕಟ್ಟೀ ಸುದ್ದಿನೂ

ಜರಾ ಹತ್ರ ಬರ್ರಿ, ಬಾಗಲಾ ಮುಂದ ಮಾಡ್ರಿ. ಇದು ನಿಮ್ಮ ಹೊಟ್ಟ್ಯಾಗೇ ಇರಲಿ. ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ, ನಮ್ಮ ಓಣಿಯವರನ್ನ ಬಿಟ್ಟರ. ನಮ್ಮ ಖೂಬಾ ಪ್ಲಾಟ್ ಬಡಾವಣ್ಯಾಗ ಪರೀಕ್ಷಾ ಬಂತಂದ್ರ ಯಾವುದಾರ ಮನ್ಯಾಗ ಒಂದು ಫಜೀತಿ ಇದ್ದದ್ದೇ. ಆ ವರ್ಷ ನಮ್ಮ ಬಾಜೂ ಮನಿ ಸೊಸಿದು.

೧. ಉತ್ತರ ಬಿಟ್ಟು ಎಲ್ಲಾ

ಹುಡುಗಿ ಕಮಲಾಪುರದಾಕಿ. ಪಿಯುಸಿದಾಗ ಬಾಕಿ ಎಲ್ಲಾ ಪಾಸ್, ಇಂಗ್ಲಿಷ್ ಒಂದೇ ಮತ್ತ ಮತ್ತ ನಪಾಸ್. ಅತ್ತಿ ಕಡೀ ಮಾತು ಹೇಳಿಬಿಟ್ಟಿದ್ದಳು: ಈ ಸಲ ಪಾಸಾದ್ರ ಟೀಚರ್ ಟ್ರೇನಿಂಗಿಗೆ ಕಳಸ್ತೀನಿ, ಇಲ್ಲಾಂದ್ರ ಪುಸ್ತಕ ಅಟ್ಟಕ್ಕ, ನೀ ಅಡಗಿಮನಿಗೆ.

ಆಕಿ ಗೈಡು ಪೂರಾ ಬಾಯಿಪಾಠ ಮಾಡ್ತಿದ್ದಳು. ಏನು ಕೇಳಿದ್ರೂ ತನಗ ಬಂದದ್ದೆಲ್ಲಾ ಸುರದು ಬರ್ತಿದ್ದಳು. ಪಾಠದಾಗಿನ ವ್ಯಾಪಾರಿ ಊರು ಯಾಕ ಬಿಟ್ಟ ಅಂತ ಕೇಳಿದ್ರಂತ. ಈಕಿ ಪಾಠ ಬರೆದವನ ಹುಟ್ಟು, ಸಾಲಿ, ಲಗ್ನ, ಸಾವು, ಎಲ್ಲಾ ಪುಟಗಟ್ಟಲೆ ಬರದಾಳ.

“ವ್ಯಾಪಾರಿ ಯಾಕ ಊರು ಬಿಟ್ಟ ಅಂತ ಬರದ್ಯೇನವ್ವ?” ಅಂದೆ.

“ಅದನ್ನ ಬರೀಲಿಕ್ಕ ಟೈಮೇ ಸಾಲಲಿಲ್ರಿ ಆಯಿ.”

೨. ಇಂಗ್ಲಿಷ್ ಬಾರದವರು ಬೇಕಾಗ್ಯಾರ

ತೌರವರು ಆಕೀನ ಕಮಲಾಪುರದ ಒಬ್ಬ ರಿಟೈರ್ಡ್ ಮಾಸ್ತರ ಹತ್ರ ಹಚ್ಚಿದ್ರು; ವಾರಕ್ಕೊಮ್ಮೆ ಬಸ್ಸಿನಾಗ ಹೋಗಿ ಬರ್ತಿದ್ದಳು. ಅಂವ ಮೊದಲ ಗೈಡು ಕಸಗೊಂಡ. ಪಾಠದ ಕಥಿ ಇಂಗ್ಲಿಷ್ ಬಾರದ ಯಾರ ಮುಂದಾರ ಕನ್ನಡದಾಗ ಹೇಳು, ಅವರು ಕೇಳಿದ್ದಕ್ಕಷ್ಟೇ ಜವಾಬು ಕೊಡು, ಆಮ್ಯಾಲ ಅದನ್ನೇ ಸಣ್ಣ ಸಣ್ಣ ಇಂಗ್ಲಿಷಿನಾಗ ಬರಿ ಅಂದನಂತ.

ಓಣ್ಯಾಗ ಅಂಥವರು ಬೇಕಂದ್ರ ನಾನೇ. ಎರಡನೇತ್ತಕ್ಕ ಸಾಲಿ ಬಿಟ್ಟಾಕಿ, ಕೇಳೂದು ಮಾತ್ರ ಬಿಟ್ಟಿಲ್ಲ. ಮಧ್ಯಾಹ್ನ ನಾ ತೊಗರಿಬ್ಯಾಳಿ ಹಸನ ಮಾಡ್ತಿದ್ದೆ, ಆಕಿ ಹೇಳ್ತಿದ್ದಳು. ಇಂಗ್ಲೆಂಡಿನ ಒಂದು ದೊಡ್ಡ ಮನಿ ಸೊಸಿ ಸಂಗೀತದ ಮಾಸ್ತರನ ಜೋಡಿ ಓಡಿಹೋದ ಕಥಿ. ನನಗ ಕೈಯಾಗಿನ ಬ್ಯಾಳಿ ಮರತೇ ಹೋಯ್ತು. ಗಂಡ ಏನಂದ, ಹಿಂದಿನ ದಿನ ಅತ್ತಿ ಏನು ಚುಚ್ಚಿದ್ದಳು, ಹೋಗೂದು ಯಾರು ನೋಡಿದ್ರು, ಎಲ್ಲಾ ಕೇಳಿದೆ. ಹುಡುಗಿ ಕಣ್ಣು ಅಗಲ ಮಾಡಿದ್ಲು.

“ಆಯಿ, ಹೋದ ಸಲ ಪೇಪರಿನಾಗ ಇವೇ ಪ್ರಶ್ನಿ ಬಂದಿದ್ದವ್ರಿ.”

೩. ಇಂಗ್ಲೆಂಡ್ ಅನ್ನೂದ್ರೊಳಗ

ಇಂಥಾ ಕಥಿ ಹೊಟ್ಟ್ಯಾಗ ಹ್ಯಾಂಗ ಇರ್ತದ? ನಳದ ಕಟ್ಟ್ಯಾಗ ಪಾಳಿ ಹಚ್ಚಿ ನಿಂತಾಗ ಹೇಳಿದೆ: ಒಳ್ಳೆ ಮನಿ ಸೊಸಿ, ಮಾಸ್ತರನ ಜೋಡಿ ಓಡಿಹೋದ್ಲಂತ. ಇದು ಇಂಗ್ಲೆಂಡಿನ ಸುದ್ದಿ ಅನ್ನೂದ್ರೊಳಗ ನೀರು ಬಂತು, ಎಲ್ಲಾರೂ ತಮ್ಮ ತಮ್ಮ ಕೊಡದ ಕಡಿ ಓಡಿದ್ರು.

ಅವತ್ತು ಬಾಜೂ ಮನಿ ಸೊಸಿ ಕಮಲಾಪುರದಾಗ ಮಾಸ್ತರ ಹತ್ರನೇ ಇದ್ದಳು. ಸುದ್ದಿ ಓಣಿ ಸುತ್ತಿ ಅತ್ತಿ ಕಿವಿಗೆ ಬಿತ್ತು. ಪರೀಕ್ಷಾನೂ ಬ್ಯಾಡ, ಗಿರೀಕ್ಷಾನೂ ಬ್ಯಾಡ ಅಂತ ಸೆರಗು ಬಿಗದು ಬಸ್ ಹತ್ತಿದಳು.

ಅಲ್ಲಿ ನೋಡಿದ್ರ ಮಾಸ್ತರ ಹಲ್ಲಿಲ್ಲದ ಮುದುಕ. ಅವನ ಹೆಂಡ್ತಿ ಬಾಜೂಕ ಕುಂತು ಕೆಂಪು ಬಾಳೆಹಣ್ಣು ಕಿವುಚಿ ತಿನಸಾಕತ್ತಾಳ, ಸೊಸಿ ಅದೇ ಕಥಿ ಹೇಳಾಕತ್ತಾಳ. ಬೈಯಾಕ ಹೋದಾಕಿ ಕಟ್ಟಿ ಮ್ಯಾಲ ಕುಂತು, “ಅವರತ್ತಿ ಸುಮ್ಮನ ಬಿಟ್ಟಳೇನು?” ಅಂದ್ಲಂತ. ಕಥಿ ಮುಗಿಯೂತನಕ ಏಳಲಿಲ್ಲ. ಪರೀಕ್ಷಾಕ್ಕ ಸೊಸೀನ ತಾನೇ ಕರ್ಕೊಂಡು ಹೋದ್ಲು.

ಹುಡುಗಿ ಪಾಸಾದಳು, ಟ್ರೇನಿಂಗಿಗೂ ಹೆಸರು ಹಚ್ಚಿದ್ಲು. ಅತ್ತಿ ಬಂದು ನನ್ನ ಕೈಯಾಗ ಪೇಢೆ ಇಟ್ಟು, ನೆಟ್ಟಗ ಮಾರಿ ನೋಡಿ ಅಂದಳು:

“ನನ್ನ ಸಣ್ಣ ಮಗ ಇತಿಹಾಸದಾಗ ನಪಾಸ್ ಆಗ್ಯಾನ್ರಿ ಅಕ್ಕಾ. ಇನ್ನ ಮ್ಯಾಲ ಅವನ ಬಾಯಿಂದ ಸತ್ತ ರಾಜರ ಮನಿ ಸುದ್ದಿ ಕೆದಕ್ರಿ, ಇದ್ದವರ ಮನಿ ಬಿಡ್ರಿ.”