ಮೆಟ್ಟಿಲ ಮೇಲೊಬ್ಬ ಸ್ನೇಹಜೀವಿ

ಮನೆ ಅಳಿಯನಾಗಿರುವುದು ಸ್ತಫಾನನಿಗೆ ಅಂಥ ಅವಮಾನವೇನೂ ಆಗಿರಲಿಲ್ಲ. ಅವಮಾನವಾದದ್ದು ಟಿವಿ ಕೋಣೆಯ ಅಳಿಯನಾಗಿರುವುದು. ಅತ್ತೆ ರೂತ್ ತಮ್ಮ ಮನೆಯಲ್ಲಿ ಮಗಳಿಗೂ ಅಳಿಯನಿಗೂ ಬಿಟ್ಟುಕೊಟ್ಟದ್ದು ಅದೊಂದೇ ಕೋಣೆ, ಅದರಲ್ಲಿ ಇದ್ದದ್ದು ಎಳೆದರೆ ಮಂಚವಾಗುವ ಒಂದು ಸೋಫಾ. ಗಂಡ ಹೆಂಡತಿ ಅದನ್ನು ಎಳೆದು, ಹಾಸಿ, ಹೊದ್ದುಕೊಳ್ಳುವ ಹೊತ್ತಿಗೆ ಸರಿಯಾಗಿ ರೂತ್ ಕಾಫಿ ಲೋಟ ಹಿಡಿದುಕೊಂಡು ಬಂದು ಅವರ ಕಾಲ ದೆಸೆಯಲ್ಲಿ ಆಸೀನರಾಗುತ್ತಿದ್ದರು.

"ನೀವ್ ಮಲಕ್ಕೊಳ್ಳಿ. ನಾನು ಸೌಂಡ್ ಕಮ್ಮಿ ಇಟ್ಕೊಂಡು ನೋಡ್ತೀನಿ" ಎನ್ನುತ್ತಿದ್ದರು. ನೋಡುತ್ತಿದ್ದದ್ದು ಸಮುದ್ರ ಪಕ್ಷಿಗಳ ಕಾರ್ಯಕ್ರಮ. ಸಮುದ್ರ ಪಕ್ಷಿಗಳ ಸೌಂಡು ಎಷ್ಟು ಕಮ್ಮಿ ಮಾಡಿದರೂ ಕಮ್ಮಿಯಾಗುವುದಿಲ್ಲ.

ಈ ಸ್ಥಿತಿಗೆ ಕಾರಣ ಬೇರೆ ಯಾರೂ ಅಲ್ಲ, ಇವರದೇ ಜಾಣತನ. ತೂವಾ ಬಸುರಿ ಎಂದು ಗೊತ್ತಾದ ಕೂಡಲೇ ಇಬ್ಬರೂ ತಮ್ಮ ಒಂದೇ ಕೋಣೆಯ ಮನೆಯನ್ನು ಒಳ್ಳೆಯ ಬೆಲೆಗೆ ಮಾರಿ, ಬೆನ್ನು ತಟ್ಟಿಕೊಂಡಿದ್ದರು. ಮಾರುವಾಗ ಸ್ಟಾಕ್‌ಹೋಮಿನ ಮನೆ ಬೆಲೆ ಏರುತ್ತಿರುವುದು ಅವರಿಗೆ ತುಂಬ ನ್ಯಾಯವಾಗಿ ಕಂಡಿತ್ತು. ಕೊಳ್ಳಲು ಹೊರಟಾಗ ಅದೇ ಏರಿಕೆ ಮಹಾ ಅನ್ಯಾಯವಾಗಿ ಕಂಡಿತು. ಪ್ರತಿ ಭಾನುವಾರ ಯಾವುದೋ ಮನೆಯ ಮುಂದೆ ಸಾಲಿನಲ್ಲಿ ನಿಂತು, ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಏರಿಸಿಕೊಂಡು, ಅಪರಿಚಿತರ ಬಚ್ಚಲಿನಲ್ಲಿ ಇನ್ನೂ ಹತ್ತು ಜನ ಅಪರಿಚಿತರೊಂದಿಗೆ ಇಣುಕಿ ಬರುವುದು, ಸೋಮವಾರ ಮೊಬೈಲಿನಲ್ಲಿ ಹರಾಜಿನ ಸವಾಲು ಕೂಗುವುದು, ಮಂಗಳವಾರ ಸೋತು ಪೆಚ್ಚುಮೋರೆ ಹಾಕಿಕೊಂಡು ರೂತ್ ಬೇಯಿಸಿಟ್ಟ ಆಲೂಗಡ್ಡೆಯನ್ನು ಹುಳಿ ಮೊಸರಿನೊಂದಿಗೆ ತಿನ್ನುವುದು. ಇದೇ ಅವರ ದಿನಚರಿಯಾಗಿತ್ತು. ತೂವಾಳ ಹೊಟ್ಟೆ ಮಾತ್ರ ಯಾರ ಸವಾಲಿಗೂ ಕಾಯದೆ ಬೆಳೆಯುತ್ತಿತ್ತು.

ಒಂದು ಶನಿವಾರ ಸ್ತಫಾನನಿಗೆ ಜ್ಞಾನೋದಯವಾಯಿತು. (ಅವನಿಗೆ ಜ್ಞಾನೋದಯವಾದಾಗಲೆಲ್ಲ ತೂವಾಳಿಗೆ ತಲೆನೋವು ಬರುವುದು ವಾಡಿಕೆ.)

"ನಮಗೆ ಮನೆ ಸಿಗದೇ ಇರೋದಕ್ಕೆ ಕಾರಣ ದುಡ್ಡಲ್ಲ ಕಣೇ, ಜನ. ಜನ ಕಮ್ಮಿ ಆದ್ರೆ ಬೆಲೆ ತಾನಾಗೇ ಕೂತ್ಕೊಳ್ಳುತ್ತೆ."

"ಜನಾನ ಹೆಂಗ್ ಕಮ್ಮಿ ಮಾಡ್ತೀಯ? ಪ್ಲೇಗ್ ತರಿಸ್ತೀಯಾ?"

"ಹೆದರಿಸ್ತೀನಿ. ನಾಳೆ ನೀನು ಒಳಗೆ ಹೋಗಿ ಮನೆ ನೋಡು. ನಾನು ಮೆಟ್ಟಿಲ ಮೇಲೆ ನಿಂತ್ಕೋತೀನಿ, ಅದೇ ಕಟ್ಟಡದವನ ಥರ. ಚಪ್ಪಲಿ, ಬಟ್ಟೆ ಬುಟ್ಟಿ, ಎಲ್ಲಾ. ಪಕ್ಕದ್ಮನೆಯೋನು ಇಂಥ ಕಾಟದ ಮನುಷ್ಯ ಅಂತ ಗೊತ್ತಾದ್ರೆ ಯಾರು ಸವಾಲು ಹಾಕ್ತಾರೆ?"

"ಇಷ್ಟು ದಿನ ಬ್ಯಾಂಕಿನೋರು ನಿನಗೆ ಇನ್ನೂ ಜಾಸ್ತಿ ಸಾಲ ಯಾಕೆ ಕೊಡಲಿಲ್ಲ ಅಂತ ಈಗ ಅರ್ಥ ಆಯ್ತು."

"ಬೇರೆ ದಾರಿ ಇದ್ರೆ ಹೇಳು."

ತೂವಾ ತನ್ನ ಹೊಟ್ಟೆಯನ್ನೂ, ಪಕ್ಕದ ಕೋಣೆಯಲ್ಲಿ ಕಾಫಿ ಬಸಿಯುತ್ತಿದ್ದ ಸದ್ದನ್ನೂ ಗಮನಿಸಿ ನಿಟ್ಟುಸಿರು ಬಿಟ್ಟಳು. "ಏನಾದ್ರೂ ಮಾಡ್ಕೊ. ಆದ್ರೆ ಅಲ್ಲಿ ನೀನ್ಯಾರೋ ನಾನ್ಯಾರೋ. ನನ್ನ ಕಡೆ ನೋಡಿ ಹಲ್ಲು ಕಿರಿದ್ರೆ ನಾನೇ ಪೊಲೀಸ್ರನ್ನ ಕರೀತೀನಿ."

ಆ ಭಾನುವಾರದ ಮನೆ ಚೆನ್ನಾಗಿತ್ತು. ಮೂರನೇ ಮಹಡಿ, ಎರಡು ಕೋಣೆ, ಅಂಗಳದ ಕಡೆಗೆ ತೆರೆಯುವ ದೊಡ್ಡ ಕಿಟಕಿ. ದಲ್ಲಾಳಿ ಪೊಂಟುಸ್, ತೆಳ್ಳನೆಯ ನೀಲಿ ಸೂಟಿನ ಹುರುಪಿನ ತರುಣ, ಬಾಗಿಲಲ್ಲೇ ನಿಂತು ಬಂದವರ ಹೆಸರು ಬರೆದುಕೊಳ್ಳುತ್ತಿದ್ದ. ಅವನ ಕಣ್ಣಿಗೆ ಬೀಳದಂತೆ ಸ್ತಫಾನ್ ಒಂದು ಮಹಡಿ ಕೆಳಗೆ, ಮನೆಯ ಚಪ್ಪಲಿ ಮೆಟ್ಟಿಕೊಂಡು, ಅತ್ತೆಯ ಬಟ್ಟೆ ಬುಟ್ಟಿಯನ್ನು ಸೊಂಟಕ್ಕೆ ಒರಗಿಸಿಕೊಂಡು ನಿಂತ. ಮೊದಲು ಬಂದದ್ದು ಗಡ್ಡದ ಗಂಡ ಮತ್ತು ಉದ್ದ ಕೋಟಿನ ಹೆಂಡತಿ.

"ಬೂಟು ಸದ್ದು ಮಾಡ್ಬೇಡಿ" ಎಂದು ಸ್ತಫಾನ್ ಗುಡುಗಿದ. "ಇಲ್ಲಿ ರಾತ್ರಿ ಎಂಟರ ಮೇಲೆ ನಲ್ಲಿ ತಿರುಗಿಸಿದ್ರೂ ನನಗೆ ಕೇಳಿಸುತ್ತೆ. ಅಂಗಳದಲ್ಲಿ ಮಕ್ಕಳು ಚೆಂಡು ಆಡೋ ಹಾಗಿಲ್ಲ. ನಾನು ನಿವಾಸಿಗಳ ಸಂಘಕ್ಕೆ ದೂರು ಕೊಡ್ತೀನಿ, ಪ್ರತಿ ವಾರ ಕೊಡ್ತೀನಿ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಹೆಂಡತಿಯ ಮುಖ ಅರಳಿತು.

"ಕೇಳಿದ್ಯಾ? ಎಷ್ಟು ಶಿಸ್ತಿದೆ ಇಲ್ಲಿ" ಎಂದಳು. ಗಡ್ಡದವನು ಸ್ತಫಾನನಿಗೆ ತಲೆ ಬಾಗಿಸಿ, ಬಹಳ ಉಪಕಾರವಾಯಿತು ಎಂದು ಹೇಳಿ, ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದ, ಸದ್ದಿಲ್ಲದೆ.

ಇನ್ನೂ ನಾಲ್ಕಾರು ಮಂದಿಗೆ ಇದೇ ಪಾಠ ಒಪ್ಪಿಸಿದ. ಒಬ್ಬರೂ ಹೆದರಲಿಲ್ಲ. ಒಬ್ಬ ಮುದುಕಿ ಅವನ ಕೈ ಕುಲುಕಿ, ತನ್ನ ಈಗಿನ ಕಟ್ಟಡದಲ್ಲಿ ಇಂಥವರು ಒಬ್ಬರಾದರೂ ಇದ್ದಿದ್ದರೆ ತಾನು ಮನೆ ಬದಲಿಸುತ್ತಲೇ ಇರಲಿಲ್ಲ ಎಂದಳು. ಅಷ್ಟರಲ್ಲಿ ತೂವಾಳ ಮೆಸೇಜು ಬಂತು: "ಕೆಳಗಿರೋ ಶಿಸ್ತಿನ ಮನುಷ್ಯನನ್ನ ಇಲ್ಲಿ ಎಲ್ಲರೂ ಹೊಗಳ್ತಿದ್ದಾರೆ. ಒಬ್ಬಳು ಈಗಲೇ ಬೆಲೆ ಏರಿಸೋಕೆ ರೆಡಿ ಇದ್ದಾಳೆ. ದಯವಿಟ್ಟು ಮನೆಗೆ ಹೋಗು."

ಸ್ತಫಾನ್ ಮೆಟ್ಟಿಲ ಮೇಲೆ ಕುಕ್ಕರಿಸಿ ಯೋಚಿಸಿದ. ಇವರನ್ನು ಹೆದರಿಸುವುದಾದರೂ ಹೇಗೆ? ತಾನು ಯಾರಿಗೆ ಹೆದರುತ್ತೇನೆ? ಇವತ್ತು ಬೆಳಿಗ್ಗೆಯೇ ರೂತ್ ಅವರ ಮನೆಯಿಂದ ಹೊರಡುವಾಗ, ಎದುರು ಮನೆಯಲ್ಲಿ ಬೀಗದ ಕೈ ಸದ್ದು ಕೇಳಿ, ಕೋಟು ಹಾಕಿಕೊಂಡೇ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದ. ಎದುರು ಮನೆಯವರ ಹೆಜ್ಜೆ ಕೆಳಗಿಳಿದು, ಬೀದಿ ಬಾಗಿಲು ಮುಚ್ಚಿದ ಮೇಲೆಯೇ ಹೊರಗೆ ಕಾಲಿಟ್ಟದ್ದು. ಇದರಲ್ಲಿ ವಿಶೇಷವೇನಿಲ್ಲ, ಮರ್ಯಾದಸ್ಥರೆಲ್ಲ ಮಾಡುವುದು ಅದನ್ನೇ. ಎದುರು ಮನೆಯವರೂ ಇವನ ಸದ್ದು ಕೇಳಿದರೆ ಹಾಗೆಯೇ ನಿಲ್ಲುತ್ತಾರೆ. ಅಪ್ಪಿತಪ್ಪಿ ಇಬ್ಬರೂ ಒಟ್ಟಿಗೆ ಹೊರಬಿದ್ದರೆ ಹವಾಮಾನದ ಬಗ್ಗೆ ಒಂದು ಮಾತಾಡಬೇಕಾಗುತ್ತದೆ, ಆ ಸಂಕಟ ಯಾರಿಗೆ ಬೇಕು?

ಸ್ತಫಾನ್ ಎದ್ದು ನಿಂತ. ಬುಟ್ಟಿ ಸರಿಮಾಡಿಕೊಂಡ. ಮುಖದ ತುಂಬ ನಗು ತಂದುಕೊಂಡ.

ಗಡ್ಡದವನ ಜೋಡಿ ಮನೆ ನೋಡಿಕೊಂಡು, ಕಿಟಕಿಗೆ ಎಂಥ ಪರದೆ ಹಾಕಬೇಕೆಂದು ಮಾತಾಡುತ್ತಾ ಇಳಿದು ಬಂತು.

"ಹಿಡಿಸ್ತಾ ಮನೆ? ತಗೊಂಡ್ಬಿಡಿ" ಎಂದು ಸ್ತಫಾನ್ ದಾರಿಗೆ ಅಡ್ಡ ಬಂದ. "ನಾನು ಪಕ್ಕದ್ಮನೆ. ಆಗ ಸುಮ್ನೆ ತಮಾಷೆ ಮಾಡಿದೆ. ನನಗೆ ಸಂಜೆ ಹೊತ್ತು ಒಬ್ಬನೇ ಇರೋಕೇ ಆಗಲ್ಲ ನೋಡಿ. ಬೆಲ್ ಮಾಡ್ತೀನಿ, ಒಂದಿಷ್ಟು ಹೊತ್ತು ಕೂತು ಮಾತಾಡಿದ್ರೆ ಆಯ್ತು."

ಗಡ್ಡದವನ ಮುಖ ಹುಳ್ಳಗಾಯಿತು. "ಮೊದಲೇ... ಮೆಸೇಜ್ ಮಾಡಿ ಬರ್ತೀರಲ್ವಾ?"

"ಅದೆಲ್ಲ ಯಾತಕ್ಕೆ? ನಾವೇನು ಹೊರಗಿನೋರಾ?"

"ನಮ್ಮ ಪಾರ್ಕಿಂಗ್ ಟೈಮ್ ಮುಗೀತು" ಎಂದಳು ಹೆಂಡತಿ. (ಅವಳ ಕೈಯಲ್ಲಿ ರೈಲಿನ ಪಾಸಿತ್ತು.) ಬರುವಾಗ ಸದ್ದಿಲ್ಲದೆ ಬಂದವರು ಹೋಗುವಾಗ ಇಡೀ ಕಟ್ಟಡ ಅದುರುವಂತೆ ಹೋದರು.

ಆಮೇಲೆ ಸ್ತಫಾನನನ್ನು ಹಿಡಿಯುವವರಿಲ್ಲ. ಕನ್ನಡಕದ ತರುಣನೊಬ್ಬನಿಗೆ, ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಸರದಿಯನ್ನು ಇಬ್ಬರೂ ಒಟ್ಟಿಗೇ ಹಾಕಿಸಿಕೊಳ್ಳೋಣ, ಮೆಷಿನ್ ತಿರುಗುವಷ್ಟು ಹೊತ್ತು ಕಷ್ಟ ಸುಖ ಹೇಳಿಕೊಳ್ಳಬಹುದು ಎಂದ. ಆ ತರುಣ ಬೂಟಿನ ಮೇಲಿನ ನೀಲಿ ಚೀಲ ಬಿಚ್ಚುವುದನ್ನೂ ಮರೆತು ಬೀದಿಗಿಳಿದ. ಶಿಸ್ತು ಮೆಚ್ಚಿದ್ದ ಮುದುಕಿಗೆ, ಅಡುಗೆ ಮಾಡುವಾಗ ಒಂದು ತಟ್ಟೆ ಹೆಚ್ಚಿಗೆ ಇಟ್ಟಿರಿ, ನಾನಂತೂ ಬಂದೇ ಬರುತ್ತೇನೆ ಎಂದ. ಮುದುಕಿ ಆ ವಯಸ್ಸಿನಲ್ಲಿ ಅಷ್ಟು ಬೇಗ ಇಳಿಯಬಲ್ಲಳೆಂದು ಅವನು ಎಣಿಸಿರಲಿಲ್ಲ. ನಡುವೆ ತೂವಾ ಇಬ್ಬರು ಹೆಂಗಸರ ಜೊತೆ ಇಳಿದು ಬಂದಳು. ಬಿಟ್ಟರೆ ಅನುಮಾನ ಬರುತ್ತದೆಂದು ಅವಳಿಗೂ ಅದೇ ಪಾಠ ಒಪ್ಪಿಸಿದ.

"ಮಗು ಬೇರೆ ಬರುತ್ತೆ ನಿಮಗೆ. ಎತ್ತಿ ಆಡಿಸೋಕೆ ನಾನಿದ್ದೀನಿ."

"ದೂರ ನಿಂತ್ಕೊಂಡು ಮಾತಾಡಿ" ಎಂದು ತೂವಾ ಅವನನ್ನು ಬಳಸಿಕೊಂಡು ಹೋದಳು. ಆ ಮಾತಿನಲ್ಲಿದ್ದ ಅಸಹ್ಯ ಎಷ್ಟು ಸಹಜವಾಗಿತ್ತೆಂದರೆ ಸ್ತಫಾನನಿಗೆ ಸ್ವಲ್ಪ ಬೇಜಾರೇ ಆಯಿತು.

ಮನೆ ತೋರಿಸುವ ಹೊತ್ತು ಮುಗಿಯುತ್ತಾ ಬಂದಾಗ ಕೊನೆಯವನೊಬ್ಬ ಹತ್ತಿ ಬಂದ. ಅರವತ್ತು ದಾಟಿದ ಗಂಡಸು, ತಲೆಗೆ ಹಳೆಯ ಕ್ಯಾಪು, ಕೈಯಲ್ಲಿ ಬೇಕರಿಯ ಪೊಟ್ಟಣ. ಅವಸರವಿಲ್ಲ, ಆತಂಕವಿಲ್ಲ. ಸ್ತಫಾನ್ ಮನಸ್ಸಿನಲ್ಲೇ ಲೆಕ್ಕ ಹಾಕಿದ: ಎಲ್ಲೋ ದೊಡ್ಡ ಮನೆ ಮಾರಿ, ನಗದು ಹಿಡಿದುಕೊಂಡು ಬಂದಿರುವ ಆಸಾಮಿ. ಬ್ಯಾಂಕಿನ ಹಂಗಿಲ್ಲದ ಇಂಥವರೇ ಎಲ್ಲರಿಗಿಂತ ಅಪಾಯ. ಇವನಿಗೆ ಪೂರ್ತಿ ಡೋಸು ಕೊಡಲೇಬೇಕು.

"ಬನ್ನಿ ಬನ್ನಿ, ಕೂತ್ಕೊಳ್ಳಿ" ಎಂದು ಮೆಟ್ಟಿಲನ್ನೇ ಒರೆಸಿ ತೋರಿಸಿದ. "ಈ ಕಟ್ಟಡದಲ್ಲಿ ಯಾರೂ ಮಾತಾಡದೆ ದಾಟಿ ಹೋಗೋ ಹಾಗಿಲ್ಲ."

ಆ ಮನುಷ್ಯ ನಿಂತ. "ನೀವು ಇಲ್ಲೇ ಇರೋದಾ? ನಿಮ್ಮನ್ನ ನೋಡಿದ ನೆನಪೇ ಇಲ್ಲ."

"ಹೆಂಗಿರುತ್ತೆ? ಇನ್ನೂ ಈಗ ತಾನೇ ಬರ್ತಿದ್ದೀರಿ."

"ಇಲ್ಲಿಯ ಜನ ಮಾತಾಡ್ತಾರೆ ಅಂತೀರಾ?"

"ಮಾತಾಡದೇ ಇದ್ರೆ ನಮಗೆ ತಿಂದ ಅನ್ನ ಅರಗಲ್ಲ. ಸುಮ್ನೆ ಹೋಗಿ ಯಾವ ಬಾಗಿಲಾದ್ರೂ ತಟ್ಟಿ. ಕಾಫಿ ಕೊಡದೆ ಕಳಿಸಿದ್ರೆ ಕೇಳಿ."

"ಯಾವ ಬಾಗಿಲಾದ್ರೂ?"

"ಯಾವುದಾದ್ರೂ. ಅವರೇ ಬಂದು ನಿಮ್ಮ ಬಾಗಿಲು ತಟ್ಟೋವರೆಗೂ ಕಾಯಬೇಡಿ, ಅವರಿಗೆ ಸಂಕೋಚ."

ಮನುಷ್ಯ ಕ್ಯಾಪು ತೆಗೆದು ಮೆಟ್ಟಿಲ ಮೇಲೆ ಕೂತುಬಿಟ್ಟ. ಅವನ ಕಣ್ಣಲ್ಲಿ ನೀರಾಡಿತು. ಹೆದರಿಕೆಗೆ ಕಣ್ಣೀರು ಬರುವಷ್ಟು ಪರಿಣಾಮವಾಯಿತಲ್ಲ ಎಂದು ಸ್ತಫಾನನಿಗೆ ಹೆಮ್ಮೆಯೂ ಆಯಿತು, ಪಾಪ ಎಂದೂ ಅನ್ನಿಸಿತು. ಆ ಮನುಷ್ಯ ಪೊಟ್ಟಣದಿಂದ ದಾಲ್ಚಿನ್ನಿ ಬನ್ನು ತೆಗೆದು ಅರ್ಧ ಮುರಿದುಕೊಟ್ಟಾಗ ಸ್ತಫಾನನಿಗೆ ಬೇಡವೆನ್ನಲಾಗಲಿಲ್ಲ. ಇಬ್ಬರೂ ಕೂತು ತಿಂದರು. ಬನ್ನು ಚೆನ್ನಾಗಿತ್ತು. "ನಿಮ್ಮ ಬಾಗಿಲು ಯಾವುದು?" ಎಂದು ಅವನು ಕೇಳಿದಾಗ ಸ್ತಫಾನ್ ನೆಲಮಾಳಿಗೆಯಿಂದ ಚಾವಣಿಯವರೆಗೂ ಕೈ ಬೀಸಿ "ಇಲ್ಲೇ" ಎಂದು, ಮೆಷಿನ್ ನಿಂತಿರಬೇಕೆಂದು ಹೇಳಿ ಬುಟ್ಟಿ ಸಮೇತ ಕಾಲಿಗೆ ಬುದ್ಧಿ ಹೇಳಿದ.

ಸೋಮವಾರ ಬೆಳಿಗ್ಗೆ ಸವಾಲು ಶುರುವಾಯಿತು. ಯಾವಾಗಲೂ ಜೀರುಂಡೆಯಂತೆ ಗುಂಯ್‌ಗುಟ್ಟುವ ಮೊಬೈಲು ಅಂದು ತೆಪ್ಪಗೆ ಬಿದ್ದಿತ್ತು. ಮಾರುವವರು ಕೇಳಿದ್ದ ಬೆಲೆಯನ್ನೇ ಇವರು ಹಾಕಿದರು. ಅದರ ಮೇಲೆ ಯಾರೂ ಒಂದು ಕ್ರೋನ ಏರಿಸಲಿಲ್ಲ. ಮಧ್ಯಾಹ್ನ ಪೊಂಟುಸ್ ಫೋನ್ ಮಾಡಿ, ಮನೆಯಲ್ಲಿ ಸಾವಾದವನ ಧ್ವನಿಯಲ್ಲಿ, ನೋಡಲು ಬಂದವರೆಲ್ಲ ಏನಾದರೋ ಗೊತ್ತಿಲ್ಲ, ಮನೆ ನಿಮ್ಮದೇ, ಬುಧವಾರ ಸಂಜೆ ಬಂದು ಸಹಿ ಹಾಕಿ ಎಂದ.

ತೂವಾ ಗಂಡನ ಕೈ ತೆಗೆದು ಹೊಟ್ಟೆಯ ಮೇಲಿಟ್ಟುಕೊಂಡಳು.

"ನಿನ್ನನ್ನ ಬೈದಿದ್ದೆ. ತಪ್ಪಾಯ್ತು. ಇದು ಹುಟ್ಟೋ ಹೊತ್ತಿಗೆ ನಮ್ಮದು ಅಂತ ಒಂದು ಬಾಗಿಲಿರುತ್ತೆ. ನಾವೇ ಹಾಕ್ಕೊಳ್ಳೋ ಬಾಗಿಲು."

ಇಷ್ಟು ತಿಂಗಳಲ್ಲಿ ಹೆಂಡತಿ ಸ್ತಫಾನನನ್ನು ಕೆಲಸಕ್ಕೆ ಬರುವ ಗಂಡಸು ಎಂದು ನೋಡಿದ್ದು ಅದೇ ಮೊದಲು. ಎರಡು ದಿನ ಅವನು ನೆಲದ ಮೇಲೆ ನಡೆಯಲಿಲ್ಲ. ರೂತ್ ಕೂಡ ಸಂತೋಷಪಟ್ಟರು, ಅಳತೆ ಪಟ್ಟಿ ತಂದು ಟಿವಿ ಕೋಣೆಯಲ್ಲಿ ವ್ಯಾಯಾಮದ ಸೈಕಲ್ಲು ಎಲ್ಲಿ ನಿಲ್ಲುತ್ತದೆಂದು ನೋಡಿಕೊಂಡರು.

ಆದರೆ ಸ್ವೀಡನ್ನಿನ ಕಾನೂನಿನಲ್ಲಿ ಸಹಿ ಬೀಳುವ ತನಕ ಕೊಳ್ಳುವವನ ಮಾತೂ ಮಾತಲ್ಲ, ಮಾರುವವನ ಮಾತೂ ಮಾತಲ್ಲ. ಬುಧವಾರ ಹೊರಡಲು ಕೋಟು ಹಾಕಿಕೊಳ್ಳುತ್ತಿರುವಾಗ ಪೊಂಟುಸನ ಫೋನು ಬಂತು. ತೂವಾ ಸ್ಪೀಕರಿಗೆ ಹಾಕಿದಳು.

"ಅಲ್ಗೋಟ್ ಅವರು ಮಾರಲ್ವಂತೆ" ಎಂದ ಪೊಂಟುಸ್. "ಮನೆ ಯಜಮಾನರು. ಮನಸ್ಸು ಬದಲಾಯಿಸಿದ್ದಾರೆ."

"ಯಾಕೆ? ಬೆಲೆ ಕಮ್ಮಿಯಾಯ್ತಾ?" ಎಂದಳು ತೂವಾ.

"ಬೆಲೆ ವಿಷಯ ಅಲ್ಲ. ಹೆಂಡತಿ ತೀರಿಕೊಂಡ ಮೇಲೆ ಆ ಕಟ್ಟಡದಲ್ಲಿ ಒಬ್ಬರೂ ಅವರನ್ನ ಮಾತಾಡ್ಸಿರಲಿಲ್ಲ. ಅದಕ್ಕೇ ಮನೆ ಮಾರಿ ತಂಗಿ ಊರಿಗೆ ಹೊರಟಿದ್ರು. ಭಾನುವಾರ ನಾವು ಮನೆ ತೋರಿಸ್ತಿರುವಾಗ ಅವರು ಬೇಕರಿ ಕಡೆ ಹೋಗಿದ್ರಲ್ಲ, ವಾಪಸ್ ಬರ್ತಾ ಮೆಟ್ಟಿಲ ಮೇಲೆ ಯಾರೋ ಪಕ್ಕದ್ಮನೆಯವರು ಸಿಕ್ಕಿದ್ರಂತೆ. ಕೂರಿಸ್ಕೊಂಡು ಮಾತಾಡಿದ್ರಂತೆ, ಯಾವ ಬಾಗಿಲಾದ್ರೂ ತಟ್ಟಿ ಅಂದ್ರಂತೆ."

ಸ್ತಫಾನ್ ಕೋಟಿನ ಒಂದು ತೋಳು ಹಾಕಿಕೊಂಡವನು ಇನ್ನೊಂದನ್ನು ಹಾಕಿಕೊಳ್ಳಲಿಲ್ಲ.

"ಅವರು ನಿಜವಾಗ್ಲೂ ತಟ್ಟಿದ್ದಾರೆ" ಎಂದ ಪೊಂಟುಸ್. "ಒಂದೊಂದೇ ಬಾಗಿಲು, ಬನ್ನು ಹಿಡ್ಕೊಂಡು, ಆ ಮನುಷ್ಯನನ್ನ ಹುಡುಕ್ತಾ. ಅವನು ಸಿಗಲಿಲ್ಲ. ಆದ್ರೆ ಬನ್ನು ಹಿಡಿದು ನಿಂತಿರೋರಿಗೆ ಬಾಗಿಲು ತೆಗೀದೇ ಇರೋಕಾಗುತ್ತಾ? ಎಲ್ಲರೂ ತೆಗೆದಿದ್ದಾರೆ. ಈಗ ಮೇಲಿನ ಮಹಡಿಯ ಟೀಚರ್ ಜೊತೆ ದಿನಾ ಇಸ್ಪೀಟಂತೆ. ನಾನು ಎಷ್ಟು ಹೇಳಿದ್ರೂ ಸೊಪ್ಪು ಹಾಕಲ್ಲ. ಇಂಥ ಕಟ್ಟಡ ಬಿಟ್ಟು ಹೋಗೋಕೆ ನನಗೇನು ಹುಚ್ಚಾ ಅಂತಾರೆ."

ತೂವಾ ಗಂಡನ ಕಡೆ ತಿರುಗಲಿಲ್ಲ. ಗೋಡೆ ನೋಡುತ್ತಾ ಕೂತಳು. ಅವಳು ಬೈದಿದ್ದರೆ ಸ್ತಫಾನನಿಗೆ ಹಗುರಾಗುತ್ತಿತ್ತು.

"ಇನ್ನೊಂದು ಮಾತು" ಎಂದ ಪೊಂಟುಸ್. "ನೀವೂ ಅವತ್ತು ಬಂದಿದ್ರಲ್ಲ. ಅಲ್ಲಿ ಬಟ್ಟೆ ಬುಟ್ಟಿ ಹಿಡ್ಕೊಂಡಿದ್ದ ಒಬ್ಬ ಮನುಷ್ಯ ಕಣ್ಣಿಗೆ ಬಿದ್ದಿದ್ನಾ? ಅಲ್ಗೋಟ್ ಎಲ್ಲರನ್ನೂ ಕೇಳ್ತಿದ್ದಾರೆ. ಸಿಕ್ಕಿದ್ರೆ ಮನೆಗೆ ಕಳಿಸಬೇಕಂತೆ. ಇವತ್ತು ಸಂಜೆ ಎಲ್ಲಾ ಸೇರ್ತಿದ್ದಾರೆ, ಅವನೊಬ್ಬ ಇಲ್ಲ ಅಂತ ಅವರಿಗೆ ಬೇಜಾರು."

"ಬಿದ್ದಿದ್ದ. ಕಳಿಸ್ತೀವಿ" ಎಂದು ತೂವಾ ಫೋನ್ ಇಟ್ಟಳು.

"ನಾನು ಹೋಗಲ್ಲ" ಎಂದ ಸ್ತಫಾನ್. "ಗುರುತು ಪರಿಚಯ ಇಲ್ಲದವರ ಮನೆ. ಅಷ್ಟು ಜನ ಬೇರೆ. ಅವರ ಜೊತೆ ಏನು ಮಾತಾಡ್ಲಿ?"

ತೂವಾ ಎದ್ದು ಬಂದು ಅವನ ಕೋಟಿನ ಇನ್ನೊಂದು ತೋಳನ್ನು ತಾನೇ ತೊಡಿಸಿ, ಗುಂಡಿಗಳನ್ನು ಒಂದೊಂದಾಗಿ ಹಾಕಿದಳು.

"ಈ ಊರಲ್ಲಿ ಇಷ್ಟು ತಿಂಗಳಿಂದ ಮನೆ ಮನೆ ಅಲೆದಿದ್ದೀವಿ" ಎಂದಳು. "ಕಡೆಗೂ ಒಂದು ಮನೆಯವರು ಒಳಗೆ ಬಾ ಅಂತಿದ್ದಾರೆ. ಹೋಗು."